ಗಡಿ ದಾಟಿದರೆ ಬೇರೆ ಕಾನೂನು

(ಮೈಸೂರಿನ ವಿಜಯನಗರದಲ್ಲಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯ ಕೇಳಿ ನಿಮ್ಮಲ್ಲಿ ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡಿರಬಹುದು. ಬೋನಸ್ಸಿನ ಮಾತಿಲ್ಲ, ಬೆಲೆಯೇರಿಕೆಯ ಮಾತಿಲ್ಲ. ಗಂಡಸು ಗಂಡಸನ್ನು, ಹೆಂಗಸು ಹೆಂಗಸನ್ನು ಮದುವೆಯಾಗಲು ಯಾವ ದೇಶದಲ್ಲಿ ಯಾವ ಕಾನೂನು ಎಂಬ ಮಾತು. ಹೆಬ್ಬಾಳು, ಹೂಟಗಳ್ಳಿ, ಮೇಟಗಳ್ಳಿಯ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಬಂದವರಿಗೆ, ಅಂಗಡಿಯ ಬಾಗಿಲೆಳೆದು ಬಂದವರಿಗೆ ಇದರಿಂದ ಆಗಬೇಕಾದುದೇನು? ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ಹೇಳಿಯೇ ಮುಂದಕ್ಕೆ ಹೋಗುತ್ತೇವೆ.

2023ರಲ್ಲಿ ಈ ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ಕೇಂದ್ರ ಸರ್ಕಾರ ಒಂದು ವಾದ ಹೂಡಿತು. ಇದು ನಗರದ ಗಣ್ಯರ ಅಭಿಪ್ರಾಯವೇ ಹೊರತು ದೇಶದ ಜನಸಾಮಾನ್ಯರದಲ್ಲ ಎಂದಿತು. ಈ ವಾದ ತಲೆಕೆಳಗಾದುದು ಎಂಬುದೇ ನಮ್ಮ ಮಾತು. ಮದುವೆಯ ನೋಂದಣಿ ಪುಸ್ತಕ ಮುಚ್ಚಿದ್ದರೆ ಸಿರಿವಂತನಿಗೆ ಆಗುವ ನಷ್ಟ ಸ್ವಲ್ಪ. ದುಡಿದು ಉಣ್ಣುವವನಿಗೆ ಆಗುವ ನಷ್ಟ ಬಹಳ.

ಅದು ಹೇಗೆಂದು ನೋಡೋಣ. ಮದುವೆ ಎಂದರೆ ನಮಗೆ ಚಪ್ಪರ, ಓಲಗ, ಧಾರೆ, ಊಟ. ಸರ್ಕಾರಕ್ಕೆ ಅದು ಒಂದು ದಾಖಲೆ. ಆ ದಾಖಲೆಯ ಹಿಂದೆ ಹತ್ತಾರು ಹಕ್ಕುಗಳು ಸಾಲಾಗಿ ನಿಂತಿವೆ. ನಿಮ್ಮ ಪ್ರಾವಿಡೆಂಟ್ ಫಂಡನ್ನೇ ತೆಗೆದುಕೊಳ್ಳಿ. ಕುಟುಂಬವುಳ್ಳ ಸದಸ್ಯ ಕುಟುಂಬದವರನ್ನಲ್ಲದೆ ಬೇರೆಯವರನ್ನು ನಾಮನಿರ್ದೇಶನ ಮಾಡಿದರೆ ಅದು ಊರ್ಜಿತವಾಗುವುದಿಲ್ಲ. ಕುಟುಂಬವೆಂದರೆ ಯಾರು? ಹೆಂಡತಿ ಅಥವಾ ಗಂಡ, ಮಕ್ಕಳು, ಅವಲಂಬಿತ ತಾಯಿತಂದೆ. ಹೀಗೆ ಕಾನೂನೇ ಪಟ್ಟಿ ಕೊಟ್ಟಿದೆ. ಗ್ರ್ಯಾಚುಟಿಗೂ ಹೆಚ್ಚುಕಡಿಮೆ ಇದೇ ನಿಯಮ. ಕೆಲಸದ ವೇಳೆ ಕೈ ಯಂತ್ರಕ್ಕೆ ಸಿಕ್ಕಿ ಜೀವವೇ ಹೋದರೆ ಪರಿಹಾರ ಯಾರಿಗೆ ಎಂಬುದಕ್ಕೂ ಇಂಥದೇ ಪಟ್ಟಿ. ಇಬ್ಬರು ಹೆಂಗಸರು ಇಪ್ಪತ್ತು ವರ್ಷ ಒಂದೇ ಒಲೆಯಲ್ಲಿ ಬೇಯಿಸಿಕೊಂಡು, ಒಬ್ಬರ ಕಾಯಿಲೆಗೆ ಒಬ್ಬರು ಸಾಲ ಮಾಡಿ ಬದುಕಿದ್ದರೂ ಆ ಪಟ್ಟಿಯಲ್ಲಿ ಒಬ್ಬರಿಗೊಬ್ಬರು ಏನೂ ಅಲ್ಲ. ಅಂಗಡಿಯವರ ಪಾಡೂ ಅಷ್ಟೆ. ಉಯಿಲು ಬರೆಯದೆ ಸತ್ತರೆ ಅಂಗಡಿ ಉತ್ತರಾಧಿಕಾರ ಕಾನೂನಿನ ಪಟ್ಟಿಯಂತೆ ಹಂಚಿಹೋಗುತ್ತದೆ. ಕೂಡಿ ಗಲ್ಲಾಪೆಟ್ಟಿಗೆ ಕಾದ ಜೊತೆಗಾರನಿಗೆ ಬೀಗದ ಕೈಯೂ ಉಳಿಯುವುದಿಲ್ಲ.

ಹಣವಂತನಿಗೆ ಈ ಕಷ್ಟವಿಲ್ಲವೆಂದಲ್ಲ. ಆದರೆ ಅವನಿಗೆ ವಕೀಲರಿದ್ದಾರೆ. ಉಯಿಲು ಬರೆಸುತ್ತಾನೆ, ಟ್ರಸ್ಟ್ ಮಾಡಿಸುತ್ತಾನೆ, ಬೇಕಾದರೆ ವಿಮಾನವೇರಿ ಬೇರೆ ದೇಶದಲ್ಲಿ ಸಂಸಾರ ಹೂಡುತ್ತಾನೆ. ಪಾಳಿಯ ಕೆಲಸಗಾರನಿಗೆ ಇರುವ ಆಸ್ತಿಯೇ ಪಿ.ಎಫ್., ಗ್ರ್ಯಾಚುಟಿ, ರೇಷನ್ ಕಾರ್ಡು. ಇವೆಲ್ಲಕ್ಕೂ ಬೀಗ ಒಂದೇ. ಅದು ಮದುವೆಯ ದಾಖಲೆ.

ಇನ್ನು, ಒಂದು ಕಡೆ ಊರ್ಜಿತವಾದ ಮದುವೆ ಇನ್ನೊಂದು ಕಡೆ ಅನೂರ್ಜಿತವಾಗುವುದು ಉಂಟೇ ಎಂದು ಕೇಳುವವರಿದ್ದಾರೆ. ದೂರ ಹೋಗಬೇಕಾಗಿಲ್ಲ, ನಮ್ಮ ಕನ್ನಡನಾಡಿನಲ್ಲೇ ಇತ್ತು. 1894ರಲ್ಲಿ ಮೈಸೂರು ಸಂಸ್ಥಾನ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ತಡೆಯುವ ಶಾಸನ ಮಾಡಿತು. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದನ್ನೂ ಅದು ತಡೆಯಿತು. ಬ್ರಿಟಿಷರ ಆಡಳಿತದ ಪ್ರಾಂತಗಳಿಗೆ ಶಾರದಾ ಕಾನೂನು ಬಂದದ್ದು 1929ರಲ್ಲಿ, ಜಾರಿಗೆ ಬಂದದ್ದು 1930ರಲ್ಲಿ. ಅಂದರೆ ನಡುವಿನ ಮೂವತ್ತೈದು ವರ್ಷ, ಮೈಸೂರಿನಲ್ಲಿ ಅಪರಾಧವಾದ ಮದುವೆ ಗಡಿಯಾಚೆಯ ಕೊಯಮತ್ತೂರು ಸೀಮೆಯಲ್ಲಿ ಅಪರಾಧವಲ್ಲ.

ಇನ್ನೊಂದು ನೋಡಿ. ಹಿಂದೂ ಗಂಡಸು ಹೆಂಡತಿ ಬದುಕಿರುವಾಗಲೇ ಎರಡನೆಯ ಮದುವೆಯಾಗುವುದನ್ನು ಬೊಂಬಾಯಿ ಪ್ರಾಂತ 1946ರಲ್ಲಿ ನಿಷೇಧಿಸಿತು. ಧಾರವಾಡ, ಬೆಳಗಾವಿ, ವಿಜಾಪುರ ಅದರೊಳಗಿದ್ದವು. ಮದರಾಸು 1949ರಲ್ಲಿ ನಿಷೇಧಿಸಿತು. ಮಂಗಳೂರು ಅದರೊಳಗಿತ್ತು. ನಮ್ಮ ಮೈಸೂರು ರಾಜ್ಯದಲ್ಲಿ ಅಂಥ ನಿಷೇಧ ಬಂದದ್ದು ಇಡೀ ದೇಶಕ್ಕೆ ಹಿಂದೂ ವಿವಾಹ ಕಾನೂನಾದ 1955ರಲ್ಲೇ. ಒಂದೇ ಭಾಷೆ, ಒಂದೇ ಧರ್ಮ, ಒಂದೇ ಶಾಸ್ತ್ರ. ಆದರೂ ಕಾನೂನು ಬೇರೆ ಬೇರೆ. ಪುರೋಹಿತರಿಲ್ಲದೆ ಮಾಡಿದ ಸ್ವಾಭಿಮಾನ ವಿವಾಹಗಳನ್ನು ತಮಿಳುನಾಡು 1967ರ ತಿದ್ದುಪಡಿಯಿಂದ ಊರ್ಜಿತಗೊಳಿಸಿತು. ಆ ತಿದ್ದುಪಡಿ ಆ ರಾಜ್ಯಕ್ಕೆ ಮಾತ್ರ. ಆದುದರಿಂದ ಮದುವೆಯ ಕಾನೂನು ಅನಾದಿ ಕಾಲದಿಂದ ಕಲ್ಲಿನಲ್ಲಿ ಕೆತ್ತಿದುದು ಎಂದು ಯಾರಾದರೂ ಹೇಳಿದರೆ ನಂಬತಕ್ಕದ್ದಲ್ಲ.

ಕಾನೂನು ಮದುವೆಯನ್ನು ಅಲ್ಲಗಳೆದಾಗ ಕೂಲಿಕಾರರು ಎದ್ದು ನಿಂತ ಕಥೆಯೊಂದಿದೆ. 1913ರ ಮಾರ್ಚಿಯಲ್ಲಿ ದಕ್ಷಿಣ ಆಫ್ರಿಕದ ಕೇಪ್ ನ್ಯಾಯಾಲಯದ ನ್ಯಾಯಮೂರ್ತಿ ಸರ್ಲ್ ಒಂದು ತೀರ್ಪಿತ್ತರು. ಕ್ರೈಸ್ತ ವಿಧಿಯಿಂದ ಆಗದ, ಅಧಿಕಾರಿಯ ಮುಂದೆ ದಾಖಲಾಗದ ಮದುವೆ ಮದುವೆಯೇ ಅಲ್ಲವೆಂಬುದು ಅದರ ಅರ್ಥ. ಒಂದೇ ದಿನದಲ್ಲಿ ಅಲ್ಲಿನ ಹಿಂದೂ, ಮುಸಲ್ಮಾನ, ಪಾರ್ಸಿ ಹೆಂಗಸರು ಕಾನೂನಿನ ಕಣ್ಣಿನಲ್ಲಿ ಹೆಂಡತಿಯರಲ್ಲದವರಾದರು, ಮಕ್ಕಳು ವಾರಸುದಾರರಲ್ಲದವರಾದರು. ಕಸ್ತೂರಬಾ ಸತ್ಯಾಗ್ರಹಕ್ಕಿಳಿದು ಮೂರು ತಿಂಗಳ ಕಠಿಣ ಸಜೆ ಅನುಭವಿಸಿದರು. ಮೂರು ಪೌಂಡಿನ ತಲೆಗಂದಾಯದ ಸಂಕಟವೂ ಕೂಡಿಕೊಂಡು ನೇಟಾಲಿನ ಕಲ್ಲಿದ್ದಲು ಗಣಿಗಳ ಸಾವಿರಾರು ಭಾರತೀಯ ಕೂಲಿಗಳು ಮುಷ್ಕರ ಹೂಡಿದರು. 1914ರಲ್ಲಿ ಸರ್ಕಾರ ಮಣಿದು ಆ ಮದುವೆಗಳನ್ನು ಮಾನ್ಯಮಾಡಿತು, ಕಂದಾಯವನ್ನೂ ತೆಗೆಯಿತು. ಅದೇ ದಕ್ಷಿಣ ಆಫ್ರಿಕ ಮುಂದೆ ವರ್ಣಭೇದವನ್ನು ಕಿತ್ತೊಗೆದು 2006ರಲ್ಲಿ ಒಂದೇ ಲಿಂಗದವರ ಮದುವೆಗೂ ಮನ್ನಣೆ ಕೊಟ್ಟಿತು. ಆಫ್ರಿಕ ಖಂಡದಲ್ಲಿ ಅದೇ ಮೊದಲು.

ಈಗ ಹೊರಗಿನ ಲೋಕವನ್ನು ನೋಡೋಣ. ಇಂಥ ಮದುವೆಯನ್ನು ಮೊದಲು ಒಪ್ಪಿದ ದೇಶ ನೆದರ್ಲೆಂಡ್ಸ್, 2001ರ ಏಪ್ರಿಲಿನಲ್ಲಿ. ಇಂದು ಮೂವತ್ತೈದಕ್ಕೂ ಹೆಚ್ಚು ದೇಶಗಳು ಒಪ್ಪಿವೆ. ಆದರೆ ಒಪ್ಪಿದ ದಾರಿ ಎಲ್ಲೆಡೆ ಒಂದೇ ಅಲ್ಲ. ಅರ್ಜೆಂಟೀನದಲ್ಲಿ 2010ರಲ್ಲಿ ಸಂಸತ್ತು ಮಾಡಿತು. ಕ್ಯಾಥೊಲಿಕರೇ ಬಹುಸಂಖ್ಯಾತರಾದ ಐರ್ಲೆಂಡಿನಲ್ಲಿ 2015ರಲ್ಲಿ ಜನರೇ ಮತ ಹಾಕಿದರು. ನೂರಕ್ಕೆ 62ರಷ್ಟು ಮತ ಪರವಾಗಿ ಬಿತ್ತು. ಕ್ಯೂಬದಲ್ಲಿ 2022ರಲ್ಲಿ ಜನಮತದಿಂದಲೇ ಹೊಸ ಕುಟುಂಬ ಸಂಹಿತೆ ಬಂದಿತು. ತೈವಾನಿನಲ್ಲಿ 2017ರಲ್ಲಿ ನ್ಯಾಯಾಲಯ ಹೇಳಿತು, 2018ರ ಜನಮತದಲ್ಲಿ ಹೆಚ್ಚಿನವರು ವಿರೋಧಿಸಿದರು, ಆದರೂ 2019ರಲ್ಲಿ ಪ್ರತ್ಯೇಕ ಶಾಸನವಾಯಿತು. ಏಷ್ಯದಲ್ಲಿ ಅದು ಮೊದಲನೆಯದು. ಥಾಯ್ಲೆಂಡಿನಲ್ಲಿ ಸಂಸತ್ತು ಕಾನೂನಿನಲ್ಲಿದ್ದ ಗಂಡ, ಹೆಂಡತಿ ಎಂಬ ಮಾತುಗಳ ಬದಲು ಇಬ್ಬರಿಗೂ ಸಲ್ಲುವ ಒಂದೇ ಮಾತನ್ನಿಟ್ಟಿತು. ಅದು 2025ರ ಜನವರಿಯಿಂದ ಜಾರಿಯಲ್ಲಿದೆ. ನೆರೆಯ ನೇಪಾಳದಲ್ಲಿ 2023ರಲ್ಲಿ ಸರ್ವೋಚ್ಚ ನ್ಯಾಯಾಲಯ ತಾತ್ಕಾಲಿಕ ನೋಂದಣಿಗೆ ಅಪ್ಪಣೆ ಕೊಟ್ಟಿತು. ಮೊದಲ ನೋಂದಣಿ ಆದದ್ದು ರಾಜಧಾನಿ ಕಠ್ಮಂಡುವಿನಲ್ಲಲ್ಲ, ಲಮ್‌ಜುಂಗ್ ಜಿಲ್ಲೆಯ ಒಂದು ಗ್ರಾಮೀಣ ಪುರಸಭೆಯಲ್ಲಿ. ಗಣ್ಯರ ಚಪಲವೆನ್ನುವವರು ಇದನ್ನು ಗಮನಿಸಬೇಕು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ದೇಶಗಳೂ ಉಂಟು. ಇಟಲಿ 2016ರಲ್ಲಿ ಮದುವೆಯೆನ್ನದೆ ‘ನಾಗರಿಕ ಒಕ್ಕೂಟ’ವೆಂದು ಹೆಸರಿಟ್ಟು ಬಹುಪಾಲು ಹಕ್ಕು ಕೊಟ್ಟಿತು. ಜಪಾನಿನಲ್ಲಿ ದೇಶಕ್ಕೆ ಕಾನೂನಿಲ್ಲ. 2015ರಿಂದ ಟೋಕಿಯೋದ ಶಿಬುಯದಂಥ ಸ್ಥಳೀಯ ಆಡಳಿತಗಳು ಜೊತೆಗಾರಿಕೆಯ ಪ್ರಮಾಣಪತ್ರ ಕೊಡುತ್ತ ಬಂದಿವೆ. ಇತ್ತ ಅರವತ್ತಕ್ಕೂ ಹೆಚ್ಚು ದೇಶಗಳಲ್ಲಿ ಇಂಥ ಸಂಬಂಧವೇ ಅಪರಾಧ. ಉಗಾಂಡ 2023ರಲ್ಲಿ ಮಾಡಿದ ಕಾನೂನಿನಲ್ಲಿ ಕೆಲವು ಪ್ರಸಂಗಗಳಿಗೆ ಮರಣದಂಡನೆಯನ್ನೇ ಇಟ್ಟಿದೆ.

ಒಂದೇ ದೇಶದೊಳಗೆ ಕಾನೂನು ಬೇರೆಯಾದರೆ ಏನಾಗುತ್ತದೆಂಬುದನ್ನು ಅಮೆರಿಕ ತೋರಿಸಿಕೊಟ್ಟಿತು. ಮಸಾಚುಸೆಟ್ಸ್ ರಾಜ್ಯ 2004ರಲ್ಲೇ ಒಪ್ಪಿತು. ಇತರ ಅನೇಕ ರಾಜ್ಯಗಳು ನಿಷೇಧಿಸಿದವು. ಓಹಿಯೋದ ಜಿಮ್ ಓಬರ್ಗೆಫೆಲ್ ಎಂಬವರ ಜೊತೆಗಾರ ಜಾನ್ ಆರ್ಥರ್ ಸ್ನಾಯು ಸೋಲುವ ಕಾಯಿಲೆಯಿಂದ ಮರಣಶಯ್ಯೆಯಲ್ಲಿದ್ದರು. ತಮ್ಮ ರಾಜ್ಯದಲ್ಲಿ ಮದುವೆಗೆ ಅವಕಾಶವಿಲ್ಲ. 2013ರಲ್ಲಿ ರೋಗಿಯನ್ನು ಸಾಗಿಸುವ ವಿಮಾನದಲ್ಲಿ ಮೇರಿಲ್ಯಾಂಡಿಗೆ ಹೋಗಿ, ನಿಲ್ದಾಣದಲ್ಲಿ ವಿಮಾನದೊಳಗೇ ಮದುವೆಯಾಗಿ ಮರಳಿದರು. ಓಹಿಯೋ ಆ ಮದುವೆಯನ್ನು ಒಪ್ಪಲಿಲ್ಲ. ಕೆಲವೇ ತಿಂಗಳಲ್ಲಿ ಆರ್ಥರ್ ತೀರಿಕೊಂಡರು. ಮರಣಪತ್ರದಲ್ಲಿ ಸಂಗಾತಿಯ ಹೆಸರಿನ ಜಾಗದಲ್ಲಿ ಏನು ಬರೆಯಬೇಕು? ಈ ಒಂದು ಸಾಲಿಗಾಗಿ ಓಬರ್ಗೆಫೆಲ್ ಅಲ್ಲಿನ ಸುಪ್ರೀಂ ಕೋರ್ಟಿನ ತನಕ ಹೋದರು. 2015ರ ಜೂನ್ 26ರಂದು ಐದು-ನಾಲ್ಕರ ಬಹುಮತದಿಂದ ಗೆದ್ದರು. ಅಂದಿನಿಂದ ಇಡೀ ದೇಶಕ್ಕೆ ಒಂದೇ ಕಾನೂನು.

ನಮ್ಮ ದೇಶಕ್ಕೆ ಬರೋಣ. 1860ರಲ್ಲಿ ಬ್ರಿಟಿಷರು ಬರೆದ ದಂಡಸಂಹಿತೆಯ 377ನೆಯ ವಿಧಿ ಇಂಥ ಸಂಬಂಧವನ್ನು ಅಪರಾಧವೆಂದಿತ್ತು. ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಒಪ್ಪಿ ಕೂಡಿ ಬಾಳುವುದು ಅಪರಾಧವಲ್ಲವೆಂದಿತು. ಜೈಲಿನ ಭಯ ಹೋಯಿತು; ಹಕ್ಕು ಬರಲಿಲ್ಲ. ಮದುವೆಯ ಹಕ್ಕು ಕೇಳಿದ ಅರ್ಜಿಗಳ ತೀರ್ಪು 2023ರ ಅಕ್ಟೋಬರ್ 17ರಂದು ಬಂದಿತು. ಮದುವೆಯಾಗುವುದು ಸಂವಿಧಾನದ ಮೂಲಭೂತ ಹಕ್ಕಲ್ಲ, 1954ರ ವಿಶೇಷ ವಿವಾಹ ಕಾನೂನನ್ನು ತಿದ್ದುವುದು ನ್ಯಾಯಾಲಯದ ಕೆಲಸವಲ್ಲ ಎಂದು ಐವರೂ ಒಂದೇ ದನಿಯಲ್ಲಿ ಹೇಳಿದರು. ಮದುವೆಯಲ್ಲದಿದ್ದರೂ ಜೊತೆಬಾಳಿಗೆ ಕಾನೂನಿನ ಮನ್ನಣೆ ಕೊಡಬೇಕೇ ಎಂಬಲ್ಲಿ ಮಾತ್ರ ಒಡೆದರು. ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಕೌಲ್ ಕೊಡಬೇಕೆಂದರು. ಉಳಿದ ಮೂವರು ಅದು ಶಾಸಕಾಂಗಕ್ಕೆ ಬಿಟ್ಟದ್ದೆಂದರು. ಬಹುಮತದ ಮುಖ್ಯ ತೀರ್ಪು ಬರೆದ ನ್ಯಾಯಮೂರ್ತಿ ರವೀಂದ್ರ ಭಟ್ ಮೈಸೂರಿನಲ್ಲಿ ಹುಟ್ಟಿದವರು. ಪುನರ್ವಿಮರ್ಶೆಯ ಅರ್ಜಿಗಳೂ 2025ರ ಜನವರಿಯಲ್ಲಿ ತಿರಸ್ಕೃತವಾದವು.

ತೀರ್ಪು ಒಂದು ಬಾಗಿಲನ್ನು ತೆರೆದೇ ಇಟ್ಟಿತು. ಲಿಂಗ ಬದಲಿಸಿಕೊಂಡ ಹೆಂಗಸು ಗಂಡಸನ್ನು ಮದುವೆಯಾದರೆ ಅದು ಈಗಿರುವ ಕಾನೂನಿನಂತೆಯೇ ಊರ್ಜಿತ. ಮದರಾಸು ಹೈಕೋರ್ಟು 2019ರಲ್ಲೇ, ಅಂಥವರೂ ಹಿಂದೂ ವಿವಾಹ ಕಾನೂನಿನ ಪ್ರಕಾರ ‘ವಧು’ವೇ ಎಂದಿತ್ತು. ನಮ್ಮ ರಾಜ್ಯದಲ್ಲಿ ಅಕ್ಕೈ ಪದ್ಮಶಾಲಿಯವರು 2018ರಲ್ಲಿ ತಮ್ಮ ಮದುವೆಯನ್ನು ನೋಂದಾಯಿಸಿದ್ದರು.

ತೀರ್ಪಿನ ನಂತರ ಕೇಂದ್ರ ಸರ್ಕಾರ ಸಂಪುಟ ಕಾರ್ಯದರ್ಶಿಯ ಅಧ್ಯಕ್ಷತೆಯಲ್ಲಿ 2024ರ ಏಪ್ರಿಲಿನಲ್ಲಿ ಸಮಿತಿ ಮಾಡಿತು. ಅದೇ ವರ್ಷ ಮೂರು ವಿಷಯಗಳಲ್ಲಿ ಸುತ್ತೋಲೆಗಳು ಬಂದವು. ಇಂಥ ಜೊತೆಗಾರರನ್ನು ರೇಷನ್ ಕಾರ್ಡಿಗೆ ಒಂದೇ ಮನೆಯವರೆಂದು ಎಣಿಸಬೇಕು. ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲ. ಹತ್ತಿರದ ಬಂಧುಗಳು ಇಲ್ಲದಾಗ ಜೊತೆಗಾರನೇ ಶವವನ್ನು ಪಡೆಯಬಹುದು. ಒಳ್ಳೆಯದೇ. ಆದರೆ ಸುತ್ತೋಲೆ ಶಾಸನವಲ್ಲ. ಕೊಟ್ಟ ಕೈ ಹಿಂತೆಗೆದುಕೊಳ್ಳಲೂ ಬಹುದು. ಪಿ.ಎಫ್., ಗ್ರ್ಯಾಚುಟಿಯ ಪಟ್ಟಿಗಳಂತೂ ಇದ್ದಂತೆಯೇ ಇವೆ.

ಇದು ನಮ್ಮ ಸಂಸ್ಕೃತಿಯಲ್ಲವೆಂಬ ಆಕ್ಷೇಪಣೆ ಇದೆ. ಸವದತ್ತಿ ಎಲ್ಲಮ್ಮನ ಜೋಗಪ್ಪಂದಿರು ಯಾವ ವಿದೇಶದಿಂದ ಬಂದವರು? ಆ ಪರಂಪರೆಯ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಗಂಡು-ಹೆಣ್ಣೆಂಬ ಎರಡೇ ಗೆರೆಗೆ ಸಿಗದವರು ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದಲೂ ಇದ್ದಾರೆ. ವಿದೇಶದಿಂದ ಬಂದದ್ದು 377ನೆಯ ವಿಧಿ. ಧರ್ಮ ಒಪ್ಪುವುದಿಲ್ಲವೆಂಬುದು ಇನ್ನೊಂದು ಆಕ್ಷೇಪಣೆ. ಗುಡಿಯಲ್ಲಿ, ಮಸೀದಿಯಲ್ಲಿ, ಚರ್ಚಿನಲ್ಲಿ ಯಾರಿಗೆ ಮದುವೆ ಮಾಡಿಸಬೇಕೆಂಬುದು ಆಯಾ ಧರ್ಮದವರ ವಿಚಾರ. ಅದರಲ್ಲಿ ನಾವು ಕೈ ಹಾಕುವುದಿಲ್ಲ. ನಾವು ಕೇಳುವುದು ಸಬ್ ರಿಜಿಸ್ಟ್ರಾರ್ ಕಚೇರಿಯ ಪುಸ್ತಕದ ಮಾತು. ಅದು ಎಲ್ಲರ ತೆರಿಗೆಯಿಂದ ನಡೆಯುವ ಕಚೇರಿ. ಇಂಥವರು ಎಷ್ಟು ಮಂದಿ ಎಂಬುದು ಮೂರನೆಯದು. ಯಂತ್ರಕ್ಕೆ ಕೈ ಕೊಟ್ಟವನು ಒಬ್ಬನೇ ಆದರೂ ಪರಿಹಾರ ಕೇಳುವುದು ಸಂಘದ ಧರ್ಮವಲ್ಲವೇ? ತಲೆ ಎಣಿಸಿ ನ್ಯಾಯ ಹಂಚುವುದಾದರೆ ಸಂಘವೇಕೆ?

ಶಾಸನವಾಗಬೇಕಾದುದು ಪಾರ್ಲಿಮೆಂಟಿನಲ್ಲಿ; ನ್ಯಾಯಾಲಯ ಅದನ್ನು ಸ್ಪಷ್ಟವಾಗಿ ಹೇಳಿಬಿಟ್ಟಿದೆ. ಆದುದರಿಂದ ಮತ ಕೇಳಲು ಬರುವವರನ್ನು ಈ ಪ್ರಶ್ನೆ ಕೇಳತಕ್ಕದ್ದು. ಅಷ್ಟರತನಕ ಕೈಕಟ್ಟಿ ಕೂರಬೇಕಾಗಿಲ್ಲ. ಹೀಗೆ ಬಾಳುತ್ತಿರುವವರು ಉಯಿಲು ಬರೆದಿಡಲಿ. ಬಿಳಿ ಕಾಗದವೇ ಸಾಕು, ಇಬ್ಬರು ಸಾಕ್ಷಿಗಳ ಸಹಿ ಇರಬೇಕು, ನೋಂದಣಿ ಕಡ್ಡಾಯವಲ್ಲ. ಬ್ಯಾಂಕಿನಲ್ಲಿ ನಾಮಿನಿ ಹೆಸರು ಬರೆಸಲಿ. ರೇಷನ್ ಕಾರ್ಡಿಗೆ ಅರ್ಜಿ ಹಾಕಿ, ಇಲ್ಲವೆಂದರೆ ಇಲ್ಲವೆಂಬುದನ್ನು ಬರವಣಿಗೆಯಲ್ಲಿ ಕೇಳಲಿ. ಕಾರ್ಮಿಕ ಸಂಘಗಳು ಮುಂದಿನ ಒಪ್ಪಂದಕ್ಕೆ ಕೂತಾಗ, ಗುಂಪು ವಿಮೆಯ ಕುಟುಂಬದ ಪಟ್ಟಿಯಲ್ಲಿ ‘ಜೊತೆಗಾರ’ ಎಂಬ ಒಂದು ಮಾತನ್ನು ಸೇರಿಸುವಂತೆ ಆಡಳಿತವರ್ಗವನ್ನು ಕೇಳಲಿ. ವಿಜಯನಗರದಲ್ಲಿ ಮನೆ ಬಾಡಿಗೆಗೆ ಕೊಡುವವರು ಬಾಡಿಗೆ ಸರಿಯಾಗಿ ಬರುತ್ತದೆಯೇ ಎಂದು ವಿಚಾರಿಸಲಿ. ಒಳಗೆ ಇಬ್ಬರು ಹೆಂಗಸರೇಕೆ ಇದ್ದಾರೆಂದು ವಿಚಾರಿಸುವುದು ಬೇಡ.

ಧಾರವಾಡದವಳಿಗೆ 1946ರಲ್ಲಿ ಸಿಕ್ಕ ನ್ಯಾಯಕ್ಕಾಗಿ ಮೈಸೂರಿನ ಹೆಣ್ಣುಮಗಳು ಒಂಬತ್ತು ವರ್ಷ ಕಾದಳು. ಆ ಒಂಬತ್ತು ವರ್ಷಗಳಲ್ಲಿ ಸವತಿಯೊಡನೆ ಬಾಳಬೇಕಾದವರಿಗೆ ಕಳೆದ ಕಾಲವನ್ನು ಯಾರೂ ಮರಳಿ ಕೊಡಲಿಲ್ಲ. ಇಂದು ಕಾಯುತ್ತಿರುವವರೂ ನಮ್ಮ ಪಕ್ಕದ ಯಂತ್ರದಲ್ಲಿ, ಪಕ್ಕದ ಅಂಗಡಿಯಲ್ಲಿ ದುಡಿಯುತ್ತಿರುವವರೇ. ಅವರ ಕೂಲಿಯಿಂದಲೂ ಪಿ.ಎಫ್. ಹಣ ತಿಂಗಳು ತಿಂಗಳೂ ಮುರಿದುಕೊಳ್ಳಲಾಗುತ್ತಿದೆ. ಅವರು ಸತ್ತಾಗ ಆ ಹಣ, ಅವರು ಯಾರೊಡನೆ ಬಾಳಿದರೋ ಅವರ ಕೈ ಸೇರಲಿ ಎಂದು ಕೇಳುವುದಕ್ಕೆ ಸಂಕೋಚ ಬೇಡ.