ಹಿತ್ತಲಿಗೆ ಬರುವ ನಾಯಿ, ಅಟ್ಟದ ಮೇಲಿನ ಬೆಕ್ಕು

(ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯಿಂದ ಬಂದ ರೋಗಿಗಳು ಹಾಗೂ ಅವರ ಬಂಧುಗಳ ಮುಂದೆ ಆಸ್ಪತ್ರೆಯ ಶುಶ್ರೂಷಾ ಶಿಕ್ಷಕಿ ಮಾಡಿದ ಆರೋಗ್ಯ ಭಾಷಣ)



ಹಾಸಿಗೆಯ ಮೇಲೆ ಮಲಗಿರುವವರಿಗಿಂತ ಅವರ ಪಕ್ಕದಲ್ಲಿ ಬುತ್ತಿ ಕಟ್ಟಿಕೊಂಡು ಬಂದು ಕುಳಿತಿರುವ ತಾಯಂದಿರಿಗೆ, ಅಣ್ಣತಮ್ಮಂದಿರಿಗೆ ಇವತ್ತಿನ ಮಾತು ಹೆಚ್ಚು ಬೇಕಾದದ್ದು. ಊರಿಗೆ ಹೋದ ಮೇಲೆ ಬೆಳಿಗ್ಗೆ ಎದ್ದು ಹಿತ್ತಲಿನ ಬಾಗಿಲು ತೆಗೆಯುವವರು ನೀವು. ಆ ಬಾಗಿಲ ಮುಂದೆ ಒಂದು ನಾಯಿ ಬಾಲ ಅಲ್ಲಾಡಿಸುತ್ತ ನಿಂತಿರುತ್ತದೆ. ಅಟ್ಟದ ಮೇಲೆ, ಕಟ್ಟಿಗೆ ಒಟ್ಟಿದ ಸಂದಿಯಲ್ಲಿ ಒಂದು ಬೆಕ್ಕು ಮರಿ ಹಾಕಿರುತ್ತದೆ.

"ಮನೆಯಲ್ಲಿ ನಾಯಿ ಸಾಕೀರೇನ್ರಿ?" ಎಂದು ನಾವು ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ ಮಾತು: "ಸಾಕಿಲ್ರಿ ಸಿಸ್ಟರ್, ಬರ್ತೈತಿ, ಒಂದ್ ತುತ್ತು ಹಾಕ್ತೀವಿ." ಹೊಲದ ಮನೆಯಲ್ಲಿ, ಗೌಳಿ ದಡ್ಡಿಯಲ್ಲಿ, ಕಾಡಂಚಿನ ಒಂಟಿ ಮನೆಯಲ್ಲಿ ಹೀಗೆ ಬರುವ ನಾಯಿಯೇ ಕಾವಲು. ರಾತ್ರಿ ಹಂದಿ ಬಂದರೆ ಬೊಗಳುತ್ತದೆ. ಕಣಜದ ಇಲಿ ಹಿಡಿಯಲು ಬೆಕ್ಕು ಬೇಕು, ಇಲಿ ಹೆಚ್ಚಾದರೆ ಅದರ ಹಿಂದೆ ಹಾವೂ ಬರುತ್ತದೆ. ಇವುಗಳನ್ನು ಓಡಿಸಿರೆಂದು ನಾನು ಹೇಳುವುದಿಲ್ಲ. ಆದರೆ ತುತ್ತು ಹಾಕುವವರಿದ್ದೂ ಲಸಿಕೆ ಹಾಕಿಸುವವರಿಲ್ಲದ ಪ್ರಾಣಿ ಇದು. ನಮ್ಮ ಕಡೆಯ ತೊಂದರೆಯೆಲ್ಲ ಇರುವುದು ಇಲ್ಲಿಯೇ.

ಮೊದಲು ಕಡಿತದ ಮಾತು. ಹುಚ್ಚುನಾಯಿ ರೋಗಕ್ಕೆ ರೇಬೀಸ್ ಎನ್ನುತ್ತೇವೆ. ಅದರ ವೈರಾಣು ನಾಯಿಯ ಜೊಲ್ಲಿನಲ್ಲಿರುತ್ತದೆ. ಗಾಯದೊಳಗೆ ಸೇರಿದ ಮೇಲೆ ಅದು ನರದ ದಾರಿ ಹಿಡಿದು ನಿಧಾನವಾಗಿ ಮಿದುಳಿನ ಕಡೆಗೆ ಹೋಗುತ್ತದೆ. ಸಾಮಾನ್ಯವಾಗಿ ಇದಕ್ಕೆ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಕೆಲವೊಮ್ಮೆ ವಾರದೊಳಗೆ, ಅಪರೂಪಕ್ಕೆ ವರ್ಷ ಕಳೆದ ಮೇಲೂ ರೋಗ ಕಾಣಿಸಿಕೊಳ್ಳಬಹುದು. ನೀರು ಕಂಡರೆ ಗಂಟಲು ಬಿಗಿಯುವುದು, ಗಾಳಿ ತಾಗಿದರೆ ಬೆಚ್ಚುವುದು ಶುರುವಾದ ಮೇಲೆ ಯಾವ ದೊಡ್ಡ ಆಸ್ಪತ್ರೆಗೆ ಹೋದರೂ ಜೀವ ಉಳಿಯುವುದಿಲ್ಲ ಎಂದೇ ತಿಳಿಯಬೇಕು. ಆದರೆ ಅದಕ್ಕೂ ಮುಂಚಿನ ದಿನಗಳು ನಮ್ಮ ಕೈಯಲ್ಲಿವೆ. ವೈರಾಣು ಮಿದುಳು ಮುಟ್ಟುವ ಮೊದಲು ಲಸಿಕೆಯ ಶಕ್ತಿ ಮೈಯಲ್ಲಿ ಬಂದಿರಬೇಕು. 1885ರ ಜುಲೈಯಲ್ಲಿ ಲೂಯಿ ಪಾಶ್ಚರ್ ಎಂಬ ಫ್ರಾನ್ಸಿನ ವಿಜ್ಞಾನಿ ನಾಯಿ ಕಡಿದ ಒಂಬತ್ತು ವರ್ಷದ ಹುಡುಗನನ್ನು ಉಳಿಸಿದ್ದು ಹೀಗೆಯೇ.

ಕಡಿದ ಕೂಡಲೇ ಮಾಡುವ ಕೆಲಸಕ್ಕೆ ವೈದ್ಯರೂ ಬೇಡ, ನರ್ಸೂ ಬೇಡ. ನೀರು ಮತ್ತು ಸಾಬೂನು ಸಾಕು. ಹರಿಯುವ ನೀರಿನಡಿ ಗಾಯ ಹಿಡಿದು, ಬಟ್ಟೆ ಒಗೆಯುವ ಸಾಬೂನಾದರೂ ಸರಿ, ಹಚ್ಚಿ ಹಚ್ಚಿ ಪೂರ್ತಿ 15 ನಿಮಿಷ ತೊಳೆಯಿರಿ. 15 ನಿಮಿಷ ಎಂದರೆ ಬಹಳ ಹೊತ್ತು. ಎರಡು ನಿಮಿಷಕ್ಕೇ ಸಾಕೆನಿಸುತ್ತದೆ, ಅದಕ್ಕೇ ಮೊಬೈಲಿನಲ್ಲಿ ಹೊತ್ತು ನೋಡಿಕೊಳ್ಳಿ. ನಲ್ಲಿ ಇಲ್ಲದಿದ್ದರೆ ಒಬ್ಬರು ತಂಬಿಗೆಯಿಂದ ನೀರು ಸುರಿಯುತ್ತಿರಲಿ, ಇನ್ನೊಬ್ಬರು ತೊಳೆಯಲಿ. ಸುಣ್ಣ, ಖಾರದ ಪುಡಿ, ಅರಿಶಿಣ, ಸೀಮೆಎಣ್ಣೆ, ಗಿಡದ ರಸ ಯಾವುದನ್ನೂ ಹಚ್ಚಬೇಡಿ. ಬಿಗಿಯಾಗಿ ಬಟ್ಟೆ ಕಟ್ಟಬೇಡಿ. ನಂತರ ಅದೇ ದಿನ ಆಸ್ಪತ್ರೆಗೆ ಬನ್ನಿ, ಮರುದಿನದ ಮೊದಲ ಬಸ್ಸಿಗೆ ಎಂದು ಕಾಯಬೇಡಿ.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಅನೇಕರು ಊರಿನಲ್ಲೇ ಯಾರಿಂದಲೋ "ಟಿಟಿ" ಇಂಜೆಕ್ಷನ್ ಮಾಡಿಸಿಕೊಂಡು, ನಾಯಿ ಕಡಿದದ್ದಕ್ಕೆ ಇಂಜೆಕ್ಷನ್ ಆಯಿತು ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಅದು ಧನುರ್ವಾಯುವಿಗೆ. ಅದೂ ಬೇಕಾಗಬಹುದು. ಆದರೆ ರೇಬೀಸಿಗೆ ಅದರಿಂದ ಏನೂ ಉಪಯೋಗವಿಲ್ಲ. "ಇದು ನಾಯಿ ಕಡಿತದ ಲಸಿಕೆಯೇನ್ರಿ?" ಎಂದು ಬಾಯಿಬಿಟ್ಟು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

"ಸಿಸ್ಟರ್, ಬರೀ ಪರಚೇತ್ರಿ, ಕಡದಿಲ್ಲ" ಎನ್ನುತ್ತೀರಿ. ಪರಚಿದ್ದೂ ಲೆಕ್ಕಕ್ಕೆ ಬರುತ್ತದೆ. ಬೆಕ್ಕು ತನ್ನ ಉಗುರು ನೆಕ್ಕಿಕೊಳ್ಳುತ್ತಲೇ ಇರುತ್ತದೆಯಲ್ಲ? ಗಾಯವಿಲ್ಲದ ಚರ್ಮವನ್ನು ನಾಯಿ ನೆಕ್ಕಿದರೆ, ಮೈ ಸವರಿದರೆ ಲಸಿಕೆ ಬೇಡ, ತೊಳೆದುಕೊಂಡರೆ ಸಾಕು. ರಕ್ತ ಬಾರದ ಸಣ್ಣ ಗೀರಾದರೂ ಇದ್ದರೆ ಲಸಿಕೆ ಬೇಕು. ಹಲ್ಲು ಇಳಿದು ರಕ್ತ ಬಂದಿದ್ದರೆ, ಹಳೆಯ ಹುಣ್ಣನ್ನು ನೆಕ್ಕಿದ್ದರೆ, ಜೊಲ್ಲು ಕಣ್ಣಿಗೆ ಬಾಯಿಗೆ ಸಿಡಿದಿದ್ದರೆ ಲಸಿಕೆಯ ಜೊತೆಗೆ ಗಾಯದ ಒಳಗೂ ಸುತ್ತಲೂ ಇಮ್ಯುನೋಗ್ಲೋಬ್ಯುಲಿನ್ ಎಂಬ ಔಷಧ ಚುಚ್ಚಬೇಕಾಗುತ್ತದೆ. ಲಸಿಕೆಯ ಶಕ್ತಿ ಬರಲು ಕೆಲವು ದಿನ ಬೇಕು, ಅಲ್ಲಿಯವರೆಗೆ ಗಾಯದಲ್ಲೇ ವೈರಾಣುವನ್ನು ತಡೆಯುವುದು ಇದು. ನೋವಾಗುತ್ತದೆ, ಮಕ್ಕಳು ಕಿರುಚುತ್ತಾರೆ, ಆದರೂ ಬೇಡವೆನ್ನಬೇಡಿ. ಒಂದು ಕಡೆ ಅದು ಸಿಗದಿದ್ದರೆ ಅಲ್ಲಿ ಲಸಿಕೆಯ ಮೊದಲ ಡೋಸ್ ಹಾಕಿಸಿಕೊಂಡು, ಅವರು ಹೇಳಿದ ದೊಡ್ಡ ಆಸ್ಪತ್ರೆಗೆ ತಡಮಾಡದೆ ಹೊರಡಿ. ಮೊದಲ ಡೋಸಿನಿಂದ ಏಳು ದಿನದೊಳಗೆ ಅದು ಆಗಬೇಕು.

ಹೊಕ್ಕುಳ ಸುತ್ತ 14 ಇಂಜೆಕ್ಷನ್ ಎಂಬ ಹೆದರಿಕೆ ಹಿರಿಯರಲ್ಲಿ ಇನ್ನೂ ಇದೆ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಲಸಿಕೆಯನ್ನು ನಮ್ಮ ದೇಶದಲ್ಲಿ 2004ರಲ್ಲೇ ನಿಲ್ಲಿಸಿದ್ದಾರೆ. ಈಗಿನದು ತೋಳಿಗೆ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ನಾಲ್ಕು ಸಲ: ಮೊದಲ ದಿನ, ನಂತರ 3ನೇ, 7ನೇ, 28ನೇ ದಿನ. ಸೋಮವಾರ ಶುರುವಾದರೆ ಗುರುವಾರ, ಮುಂದಿನ ಸೋಮವಾರ, ಕೊನೆಯದು ಮೊದಲ ಸೋಮವಾರದಿಂದ ನಾಲ್ಕು ವಾರ ಕಳೆದ ಸೋಮವಾರ. ಮಾಂಸಖಂಡಕ್ಕೆ ಕೊಡುವ ಕ್ರಮವಾದರೆ ನಡುವೆ 14ನೇ ದಿನದ್ದೂ ಸೇರಿ ಐದು. ಬಸುರಿ, ಬಾಣಂತಿ, ಹಾಲು ಕುಡಿಯುವ ಕೂಸು ಎಲ್ಲರಿಗೂ ಕೊಡಬಹುದು. ಬದನೆಕಾಯಿ ಬಿಡಬೇಕು, ತಲೆಗೆ ಸ್ನಾನ ಮಾಡಬಾರದು ಎಂಬ ಪಥ್ಯವಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡಿಲ್ಲ.

ಎರಡು ಡೋಸ್ ಆದ ಮೇಲೆ ಗಾಯ ಒಣಗುತ್ತದೆ, ಭತ್ತದ ಕೊಯ್ಲೋ ಕಬ್ಬಿನ ಕಟಾವೋ ಬರುತ್ತದೆ, ಮೂರನೆಯದಕ್ಕೆ ಜನ ಬರುವುದಿಲ್ಲ. ಜೋಯಿಡಾದ ಒಳ ಹಳ್ಳಿಯಿಂದ ಬರಲು ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ, ನಮಗೆ ಗೊತ್ತಿದೆ. ಹಾಗಾದರೆ ನಿಮ್ಮ ಊರಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದು, ಉಳಿದದ್ದನ್ನು ಅಲ್ಲಿ ಹಾಕಿಸಬಹುದೇ ಎಂದು ಮೊದಲ ದಿನವೇ ಕೇಳಿಕೊಳ್ಳಿ. ಚೀಟಿಯನ್ನು ರೇಷನ್ ಕಾರ್ಡಿನ ಜೊತೆಗೆ ಇಡಿ. ಪೂರ್ತಿ ಲಸಿಕೆ ಆದವರಿಗೆ ಮುಂದೆ ಮತ್ತೆ ಕಡಿದರೆ ಎರಡೇ ಡೋಸ್ ಸಾಕಾಗುತ್ತದೆ, ಆದರೆ ಅದಕ್ಕೆ ಚೀಟಿ ತೋರಿಸಬೇಕು.

ಹಿಂದೆ ಕುಳಿತ ಅಜ್ಜ ಕೇಳುತ್ತಿದ್ದಾರೆ, ಕಡಿದ ನಾಯಿ ಚೆನ್ನಾಗಿಯೇ ಓಡಾಡಿಕೊಂಡಿದ್ದರೆ? ಒಳ್ಳೆಯ ಪ್ರಶ್ನೆ ಅಜ್ಜಾರ. ನಾಯಿ ಅಥವಾ ಬೆಕ್ಕು ಕಣ್ಣೆದುರಿಗೇ ಇದ್ದರೆ ಹತ್ತು ದಿನ ನೋಡಿ. ಹತ್ತು ದಿನ ಆರೋಗ್ಯವಾಗಿಯೇ ಉಳಿದರೆ ವೈದ್ಯರು ಮುಂದಿನ ಡೋಸ್ ನಿಲ್ಲಿಸಬಹುದು. ಆದರೆ ನೋಡುತ್ತ ಕೂತು ಲಸಿಕೆ ಶುರು ಮಾಡದೆ ಇರಬಾರದು. ನರಿ, ಮುಂಗುಸಿ ಮುಂತಾದ ಕಾಡುಪ್ರಾಣಿ ಕಡಿದರೆ ಈ ಹತ್ತು ದಿನದ ಲೆಕ್ಕವೇ ಇಲ್ಲ.

ಹುಚ್ಚು ಹಿಡಿದ ನಾಯಿ ಎಂದರೆ ಜೊಲ್ಲು ಸುರಿಸುತ್ತ ಸಿಕ್ಕಸಿಕ್ಕವರ ಮೇಲೆ ಬೀಳುವುದು ಮಾತ್ರವಲ್ಲ. ಕೆಲವು ಮೂಲೆ ಹಿಡಿದು ಸುಮ್ಮನೆ ಮಲಗುತ್ತವೆ. ಕೆಳದವಡೆ ಜೋತುಬೀಳುತ್ತದೆ, ಬೊಗಳುವ ದನಿ ಒಡೆಯುತ್ತದೆ. ಪಾಪ, ಗಂಟಲಲ್ಲಿ ಎಲುಬು ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕುವವರಿದ್ದಾರೆ. ದನ, ಎಮ್ಮೆಯಲ್ಲಿ ಇದು ಇನ್ನೂ ಹೆಚ್ಚು. ರಾತ್ರಿ ಕೊಟ್ಟಿಗೆಗೆ ನುಗ್ಗಿದ ನಾಯಿ ಎಮ್ಮೆಯ ಮೂತಿಗೆ ಕಡಿದದ್ದು ಯಾರಿಗೂ ಗೊತ್ತಿರುವುದಿಲ್ಲ. ವಾರಗಳು ಕಳೆದ ಮೇಲೆ ಎಮ್ಮೆ ಮೇವು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ವಿಕಾರವಾಗಿ ಕೂಗುತ್ತದೆ. ಗಡ್ಡೆಯೋ ಮಾವಿನ ವಾಟೆಯೋ ಸಿಕ್ಕಿರಬೇಕೆಂದು ಮನೆಯ ಯಜಮಾನ ಮೊಣಕೈವರೆಗೆ ಬಾಯೊಳಗೆ ಕೈ ಇಳಿಸುತ್ತಾನೆ. ದಯವಿಟ್ಟು ಹಾಗೆ ಮಾಡಬೇಡಿ. ಪಶುವೈದ್ಯರನ್ನು ಕರೆಯಿರಿ, 1962 ಸಂಖ್ಯೆಗೆ ಫೋನ್ ಮಾಡಿ. ಕೈ ಹಾಕಿ ಆಗಿದ್ದರೆ ನಾಚಿಕೆಪಡದೆ ಆಸ್ಪತ್ರೆಗೆ ಬಂದು ಹೇಳಿ. ಅದರ ಹಾಲನ್ನು ಕುದಿಸಿ ಕುಡಿದಿದ್ದರೆ ಹೆದರಬೇಕಿಲ್ಲ, ಹಸಿ ಹಾಲು ಕುಡಿದಿದ್ದರೆ ವೈದ್ಯರನ್ನು ಕೇಳಿ. ನಾಯಿ ಕಡಿದದ್ದು ಕಣ್ಣಿಗೆ ಬಿದ್ದಿದ್ದರೆ ದನಕ್ಕೂ ಲಸಿಕೆ ಇದೆ, ಕಡಿದ ದಿನವೇ ಪಶುವೈದ್ಯರಿಗೆ ತಿಳಿಸಬೇಕು.

ಇನ್ನು ಈ ಪ್ರಾಣಿಗಳನ್ನು ಏನು ಮಾಡುವುದು? ವಿಷ ಹಾಕುವ ಮಾತು ಊರಲ್ಲಿ ಬೇಗ ಬರುತ್ತದೆ. ಅದು ಅಪರಾಧ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಿಂದಲೂ ಕೇಸಾಗುತ್ತದೆ. ಅದಿರಲಿ, ವಿಷದ ತುಂಡನ್ನು ತಿನ್ನುವುದು ಕಡಿದ ನಾಯಿಯೇ ಎಂಬ ಖಾತ್ರಿ ಎಲ್ಲಿದೆ? ನಿಮ್ಮ ಕೋಳಿ, ಕಾಗೆ, ಪಕ್ಕದ ಮನೆಯ ನಾಯಿ ಸಾಯುತ್ತವೆ, ಮಕ್ಕಳ ಕೈಗೆ ಸಿಕ್ಕರೆ ಇನ್ನೂ ಕಷ್ಟ. ಇದ್ದ ನಾಯಿ ಸತ್ತ ಜಾಗಕ್ಕೆ ಲಸಿಕೆ ಕಾಣದ ಬೇರೆ ನಾಯಿ ಬಂದು ಸೇರುತ್ತದೆ, ಅನ್ನ ಅಲ್ಲೇ ಬಿದ್ದಿರುತ್ತದಲ್ಲ.

ಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಕಾಡಿನ ರಸ್ತೆಯಲ್ಲಿ ಬಿಟ್ಟು ಬರುವುದು ಇನ್ನೊಂದು ಪದ್ಧತಿ. ಪೇಟೆಯವರು ದಾಂಡೇಲಿ, ಜೋಯಿಡಾ ಕಾಡಿನ ಅಂಚಿಗೆ ಬಿಡುತ್ತಾರೆ, ಬದುಕಿ ಉಳಿದವು ಹತ್ತಿರದ ಒಂಟಿ ಮನೆಗೆ ಬಂದು ಸೇರುತ್ತವೆ. ಇದು ನನಗೆ ವಿಷ ಹಾಕಿದಷ್ಟೇ ಕೆಟ್ಟದ್ದಾಗಿ ಕಾಣುತ್ತದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸುತ್ತಲಿನವರಿಗೆ ಗೊತ್ತು, ನಾಯಿ ಹೆಚ್ಚಾದ ಕಡೆಗೆ ಚಿರತೆ ಬರುತ್ತದೆ. ನಾಯಿ ಹುಡುಕಿಕೊಂಡು ಬಂದದ್ದು ಕರುವನ್ನು ಬಿಡುತ್ತದೆಯೇ?

ಅನ್ನದ ದಾರಿಯನ್ನು ಕಟ್ಟುವುದು ಮೊದಲ ಕೆಲಸ. ಎಮ್ಮೆ ಈದ ಮೇಲೆ ಬೀಳುವ ಕಸ, ಸತ್ತ ಕೋಳಿ, ಕುರಿ ಕೊಯ್ದ ಉಳಿಕೆ ಇವನ್ನು ಆಳವಾಗಿ ಹೂಳಿ. ಮದುವೆ, ಜಾತ್ರೆಯ ಎಲೆಗಳನ್ನು ಹಳ್ಳದ ದಂಡೆಗೆ ಚೆಲ್ಲಬೇಡಿ. ರೆಸಾರ್ಟು, ಹೋಂಸ್ಟೇ ನಡೆಸುವವರು ಯಾರಾದರೂ ಇಲ್ಲಿದ್ದರೆ ಅವರಿಗೂ ಇದೇ ಮಾತು. ನಮ್ಮ ಆಸ್ಪತ್ರೆಯ ಹಿಂದೆ ಬುತ್ತಿಯ ಉಳಿಕೆ ಹಾಕುವ ಬಂಧುಗಳಿಗೂ ಹೇಳಬೇಕಾಗಿದೆ. ಆಸ್ಪತ್ರೆ, ಶಾಲೆ, ಬಸ್ ನಿಲ್ದಾಣಗಳ ಆವರಣದಲ್ಲಿ ಬೀದಿನಾಯಿ ಇರಬಾರದೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿತು. ನೀವು ದಯೆಯಿಂದ ಹಾಕಿದ ರೊಟ್ಟಿ ತುಂಡಿಗೆ ಬಂದ ನಾಯಿ, ಹೆರಿಗೆ ವಾರ್ಡಿನ ಬಾಗಿಲಲ್ಲಿ ಮಲಗುತ್ತದೆ.

ನಿಮ್ಮ ಹಿತ್ತಲಿಗೆ ದಿನವೂ ಬರುವ ಪ್ರಾಣಿಯನ್ನು ನಿಮ್ಮದೆಂದೇ ತಿಳಿದು ಲಸಿಕೆ ಹಾಕಿಸಿ. ಮರಿಗೆ ಮೂರು ತಿಂಗಳಾದಾಗ ಮೊದಲನೆಯದು, ಆಮೇಲೆ ಪಶುವೈದ್ಯರು ಹೇಳಿದಂತೆ, ಪ್ರತಿ ವರ್ಷ. ಬೆಕ್ಕಿಗೂ ಹಾಕಿಸಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಸುಮಾರಿಗೆ ಹಲವು ಕಡೆ ಉಚಿತ ಲಸಿಕೆ ಶಿಬಿರಗಳಿರುತ್ತವೆ, ನಿಮ್ಮ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆಯೂ ಕೇಳಿ. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ, ಇನ್ನೂ ತಾನೇ ಮರಿಯಂತೆ ಕಾಣುವಾಗಲೇ, ಗಬ್ಬವಾಗಬಲ್ಲದು, ಎರಡು ತಿಂಗಳಿಗೆ ಮರಿ ಹಾಕುತ್ತದೆ. ಅಟ್ಟದಲ್ಲಿ ಒಂದಿದ್ದ ಬೆಕ್ಕು ಎರಡು ವರ್ಷಕ್ಕೆ ಎಷ್ಟಾಗುತ್ತದೆ, ನೀವೇ ಎಣಿಸಿ.

ಬೀದಿನಾಯಿಗಳ ಹೊಣೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಸ್ಥಳೀಯ ಸಂಸ್ಥೆಯದು. ದಾಂಡೇಲಿಯವರು ನಗರಸಭೆಗೆ, ಹಳಿಯಾಳದವರು ಪುರಸಭೆಗೆ, ಮುಂಡಗೋಡದವರು ಪಟ್ಟಣ ಪಂಚಾಯತಿಗೆ, ಹಳ್ಳಿಯವರು ಗ್ರಾಮ ಪಂಚಾಯತಿಗೆ ಬರೆದು ಕೊಡಿ. ಬಾಯಲ್ಲಿ ಹೇಳಿದ್ದು ನಿಲ್ಲುವುದಿಲ್ಲ, ಅರ್ಜಿ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಆಗದ ಕೆಲಸವೇನಲ್ಲ ಇದು. ಅನಮೋಡ ಘಟ್ಟ ಇಳಿದರೆ ಗೋವಾ. ಅಲ್ಲಿ ಸರ್ಕಾರ ಮತ್ತು ಮಿಷನ್ ರೇಬೀಸ್ ಸಂಸ್ಥೆಯವರು ಸೇರಿ ಮನೆಮನೆಗೆ ಹೋಗಿ, ಬೀದಿನಾಯಿಗಳನ್ನು ಬಲೆಯಲ್ಲಿ ಹಿಡಿದು, ನೂರಕ್ಕೆ 70 ನಾಯಿಗಳಿಗಾದರೂ ಲಸಿಕೆ ಮುಟ್ಟಿಸುವ ಗುರಿಯಿಂದ ವರ್ಷ ವರ್ಷವೂ ಕೆಲಸ ಮಾಡಿದರು. 2018 ಮತ್ತು 2019ರಲ್ಲಿ ಅಲ್ಲಿ ರೇಬೀಸಿನಿಂದ ಒಬ್ಬರೂ ಸತ್ತ ವರದಿಯಿಲ್ಲ.

ಮಕ್ಕಳ ವಿಷಯ. ಜಗತ್ತಿನಲ್ಲಿ ರೇಬೀಸಿಗೆ ಬಲಿಯಾಗುವ ನೂರು ಜನರಲ್ಲಿ ಸುಮಾರು 40 ಮಂದಿ 15 ವರ್ಷದೊಳಗಿನವರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗು ಬೈಗುಳಕ್ಕೆ ಹೆದರಿ ಪರಚಿದ್ದನ್ನು ಮುಚ್ಚಿಡುತ್ತದೆ. "ನಿನಗ್ಯಾರು ಹೇಳಿದ್ರು ಮರಿ ಮುಟ್ಟಾಕ?" ಎಂದು ಮೊದಲೇ ಹೊಡೆದರೆ ಮುಂದಿನ ಸಲ ಹೇಳುವುದಿಲ್ಲ. ಮರಿ ಹಾಕಿದ ನಾಯಿಯ ಹತ್ತಿರ, ತಿನ್ನುತ್ತಿರುವ ನಾಯಿಯ ಹತ್ತಿರ ಹೋಗಬಾರದೆಂದು ಕಲಿಸಿ. ನಾಯಿ ಬೆನ್ನು ಹತ್ತಿದರೆ ಓಡದೆ ಕಂಬದಂತೆ ನಿಲ್ಲಬೇಕು, ಕೆಳಗೆ ಬಿದ್ದರೆ ಮುದುಡಿಕೊಂಡು ಮುಖ, ಕತ್ತು ಮುಚ್ಚಿಕೊಳ್ಳಬೇಕು. ಮುಖ, ತಲೆಗೆ ಆದ ಗಾಯ ಮಿದುಳಿಗೆ ಹತ್ತಿರ, ಅಲ್ಲಿ ಕಡಿದರೆ ಒಂದು ಗಂಟೆಯೂ ತಡ ಬೇಡ.

ಈ ಒಂದು ತಿಂಗಳಲ್ಲಿ ನಿಮ್ಮ ಮನೆಯಲ್ಲಿ ಯಾರಿಗಾದರೂ ನಾಯಿ, ಬೆಕ್ಕು ಕಡಿದೋ ಪರಚಿಯೋ ಲಸಿಕೆ ಹಾಕಿಸದೆ ಬಿಟ್ಟಿದ್ದರೆ, ತಡವಾಯಿತು ಎಂದು ಸುಮ್ಮನಿರಬೇಡಿ, ಈಗಲೂ ಶುರು ಮಾಡಬಹುದು. ಹೊರರೋಗಿ ವಿಭಾಗದಲ್ಲಿ ಹೇಳಿ. ಗಾಯ ತೊಳೆಯುವುದನ್ನು ಹೊರಗಿನ ನಲ್ಲಿಯ ಹತ್ತಿರ ಮಾಡಿ ತೋರಿಸುತ್ತೇನೆ, ಬರುವವರು ಬನ್ನಿ.