ಅಕ್ಕನ ಮಗಳ ಮದುವೆ ಮತ್ತು ತೊಳೆದುಹೋಗದ ಜೀನುಗಳು

ಕೆಜಿಎಫ್ ಮತ್ತು ಬಂಗಾರಪೇಟೆಯ ಶಾಲೆಗಳಿಂದ ಬಂದಿರುವ ವಿದ್ಯಾರ್ಥಿಗಳೇ,

ಗಣಿ ಕಾರ್ಮಿಕರ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತಲೇ ಆಯುಷ್ಯ ಸವೆಸಿದ ಮೇಷ್ಟ್ರ ಹೆಸರಿನ ವೇದಿಕೆಯಿದು.

ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಬಟಾಣಿ ಪ್ರಯೋಗ, 3:1ರ ಅನುಪಾತ ಎರಡೂ ನಿಮ್ಮ ಹತ್ತನೇ ತರಗತಿಯ ಪುಸ್ತಕದಲ್ಲಿವೆ, ಮತ್ತೆ ಹೇಳುವುದಿಲ್ಲ. ಒಂದನ್ನು ಮಾತ್ರ ನೆನಪಿಡಿ. ಹೆಚ್ಚುಕಡಿಮೆ ಪ್ರತಿ ಜೀನಿಗೂ ನಮ್ಮಲ್ಲಿ ಎರಡು ಪ್ರತಿಗಳು, ತಾಯಿಯದೊಂದು, ತಂದೆಯದೊಂದು. ದುರ್ಬಲ ಗುಣದ ಕಾಯಿಲೆ ಕಾಣಿಸಿಕೊಳ್ಳಬೇಕಾದರೆ ಎರಡೂ ಕೆಟ್ಟಿರಬೇಕು. 1902ರಲ್ಲಿ ಇಂಗ್ಲೆಂಡಿನ ವೈದ್ಯ ಗ್ಯಾರಡ್, ಮೂತ್ರ ಕಪ್ಪಾಗುವ ಆಲ್ಕಾಪ್ಟೋನೂರಿಯಾ ರೋಗಿಗಳ ಅಪ್ಪ ಅಮ್ಮಂದಿರಲ್ಲಿ ಅನೇಕರು ಹತ್ತಿರದ ಸಂಬಂಧಿಗಳೆಂಬುದನ್ನು ಗಮನಿಸಿದ. ಮೆಂಡೆಲ್ ನಿಯಮ ಮನುಷ್ಯನಿಗೂ ಅನ್ವಯಿಸುತ್ತದೆಂದು ಮೊದಲು ತಿಳಿದದ್ದು ಸಂಬಂಧದ ಮದುವೆಗಳಿಂದಲೇ.

ನಮ್ಮಲ್ಲಿ ಅತ್ತೆ ಮಗ, ಮಾವನ ಮಗಳು ಇರಲಿ, ಅಕ್ಕನ ಮಗಳನ್ನೇ ತಂದುಕೊಳ್ಳುವುದೂ ವಾಡಿಕೆ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಬೆಂಗಳೂರು, ಮೈಸೂರಿನ ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ, ಸುಮಾರು ಮೂರನೇ ಒಂದು ಭಾಗ ಹೆತ್ತವರು ರಕ್ತಸಂಬಂಧಿಗಳೇ ಆಗಿದ್ದರು.

ಲೆಕ್ಕ ಹಾಕೋಣ. ಅಜ್ಜಿಯ ಬಳಿ ಕೆಟ್ಟ ಪ್ರತಿ ಒಂದಿದೆ. ಅದು ಮಗನಿಗೆ ಬರುವ ಸಾಧ್ಯತೆ 1/2; ಮಗಳ ಮೂಲಕ ಮೊಮ್ಮಗಳಿಗೆ 1/4. ಈ ಸೋದರಮಾವ, ಸೊಸೆ ಮದುವೆಯಾದರೆ ಮಗುವಿಗೆ ಎರಡೂ ಕಡೆಯಿಂದ ಅದೇ ಪ್ರತಿ ಸೇರುವ ಸಾಧ್ಯತೆ 1/32. ಅಜ್ಜ ಅಜ್ಜಿಯರ ನಾಲ್ಕೂ ಪ್ರತಿಗಳನ್ನು ಕೂಡಿಸಿದರೆ 1/8. ಅತ್ತೆ, ಮಾವನ ಮಕ್ಕಳ ಮದುವೆಯಲ್ಲಿ 1/16. ನೂರು ಪ್ರತಿಗಳಲ್ಲಿ ಒಂದು ಕೆಟ್ಟಿರುವ ಕಾಯಿಲೆ ಹೊರಗಿನ ಮದುವೆಯಲ್ಲಿ ಹತ್ತು ಸಾವಿರ ಮಕ್ಕಳಿಗೆ ಒಂದು. ಸೋದರಮಾವನ ಮದುವೆಯಲ್ಲಿ ಸುಮಾರು 13.

ಇನ್ನು ನಾನು ಬಂದ ವಿಷಯಕ್ಕೆ. 1966ರಲ್ಲಿ ತಳಿವಿಜ್ಞಾನಿ ಎಲ್.ಡಿ. ಸಾಂಘ್ವಿ ಒಂದು ವಾದ ಮುಂದಿಟ್ಟರು. ದಕ್ಷಿಣದವರು ತಲೆತಲಾಂತರದಿಂದ ಹೀಗೆ ಮದುವೆಯಾಗಿರುವುದರಿಂದ ಮಾರಕ ಜೀನುಗಳು ಆಗಿಂದಾಗ್ಗೆ ಜೋಡಿಯಾಗಿ, ಅವನ್ನು ಹೊತ್ತ ಮಕ್ಕಳೊಂದಿಗೇ ಅಳಿದುಹೋಗಿರಬೇಕು ಎಂದು. 1970ರ ದಶಕದಲ್ಲಿ ವೆಲ್ಲೂರಿನ ಸಂಶೋಧಕರಾದ ರಾವ್ ಮತ್ತು ಇನ್ಬರಾಜ್, ಸಂಬಂಧದ ಮದುವೆಗಳಲ್ಲಿ ಗರ್ಭನಷ್ಟ ಗಣನೀಯವಾಗಿ ಹೆಚ್ಚಿಲ್ಲವೆಂದು ತೋರಿಸಿದ ಮೇಲೆ ಈ ವಾದಕ್ಕೆ ಬಲ ಬಂತು. ಅವರು ಎಣಿಸಿದ್ದು ಉತ್ತರ ಆರ್ಕಾಟಿನ ಜನರನ್ನು. ಇಲ್ಲಿನ ಗಣಿಗಳನ್ನು ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಕೆಜಿಎಫ್‌ನ ಚಾಂಪಿಯನ್ ರೀಫ್, ಮಾರಿಕುಪ್ಪಂಗಳಿಗೆ ಇಳಿದ ಕಾರ್ಮಿಕರಲ್ಲಿ ಬಹಳ ಮಂದಿ ಅದೇ ಸೀಮೆಯವರು. ಆದ್ದರಿಂದ ಇದು ಈ ಊರಿನದೇ ಪ್ರಶ್ನೆ.

ಸಾಂಘ್ವಿಯವರ ತರ್ಕವನ್ನು ನಾನು ತಳ್ಳಿಹಾಕುವುದಿಲ್ಲ. ಅದು ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದಷ್ಟೇ ನನ್ನ ತಕರಾರು. ಕರ್ನಾಟಕದ ಸರಾಸರಿ ಒಳಸಂಬಂಧದ ಪ್ರಮಾಣ, ಅಂದರೆ 1/8, 1/16ರಂಥ ಸಾಧ್ಯತೆಗಳನ್ನು ಎಲ್ಲ ಮದುವೆಗಳಿಗೂ ಹಂಚಿದಾಗ ಬರುವ ಸರಾಸರಿ, 1980ರ ದಶಕದಲ್ಲಿ ಸುಮಾರು 0.03 ಇತ್ತು. ಮಗುವನ್ನು ಎಳವೆಯಲ್ಲೇ ಕೊಲ್ಲುವ ಜೀನು ಈ ಗತಿಯಲ್ಲಿ ಮೂರನೇ ಒಂದು ಭಾಗಕ್ಕೆ ಇಳಿಯಲು ಸರಿಸುಮಾರು 33 ತಲೆಮಾರು, ಅಂದರೆ ಎಂಟುನೂರು ವರ್ಷ ಸಾಕು. ಅಲ್ಲಿಯವರೆಗೆ ವಾದ ಗಟ್ಟಿ. ಆದರೆ ಕಿವುಡುತನ, ಇರುಳುಗುರುಡು? ಇವು ಕೊಲ್ಲುವುದಿಲ್ಲ. ಅಂಥ ಜೀನಿನ ಎರಡೂ ಪ್ರತಿ ಕೆಟ್ಟಿರುವವರಿಗೆ ಹುಟ್ಟುವ ಮಕ್ಕಳು ನೂರಕ್ಕೆ ಹತ್ತು ಕಡಿಮೆ ಎಂದಿಟ್ಟುಕೊಳ್ಳಿ. ಆಗ 330 ತಲೆಮಾರು, ಎಂಟು ಸಾವಿರ ವರ್ಷ ಬೇಕು. ಈ ಪದ್ಧತಿಗೆ ಅಷ್ಟು ವಯಸ್ಸಾಗಿದೆಯೆಂದು ಯಾರೂ ಹೇಳಿಲ್ಲ.

ವೆಲ್ಲೂರಿನ ಲೆಕ್ಕದಲ್ಲೂ ಇದೇ ಕೊರತೆ. ಗರ್ಭನಷ್ಟ ಎಣಿಸಿದರೆ ಹೆರಿಗೆ ವಾರ್ಡಿನ ಕಥೆ ಸಿಗುತ್ತದೆ; ಕಿವಿ ಕೇಳದ ಮಗು ಪತ್ತೆಯಾಗುವುದು ಶಾಲೆಯ ಬೆಂಚಿನ ಮೇಲೆ. 1994ರಲ್ಲಿ ತಳಿವಿಜ್ಞಾನಿಗಳಾದ ಬಿಟಲ್ಸ್ ಮತ್ತು ನೀಲ್ ಹಲವು ದೇಶಗಳ ಅಂಕಿಅಂಶ ಒಟ್ಟುಗೂಡಿಸಿ, ಅತ್ತೆ, ಮಾವನ ಮಕ್ಕಳ ಸಂತಾನದಲ್ಲಿ ಸಾವು ನೂರಕ್ಕೆ 4.4ರಷ್ಟು ಹೆಚ್ಚೆಂದರು. ಭಯಪಡಿಸುವ ಸಂಖ್ಯೆಯಲ್ಲ, ಸೊನ್ನೆಯೂ ಅಲ್ಲ.

ಸಂಬಂಧದ ಮದುವೆಯನ್ನು ವಿರೋಧಿಸುವ ಸುಧಾರಕರಿಗೂ ಒಂದು ಮಾತು. ಸೋದರಮಾವನನ್ನು ಬಿಟ್ಟು ಜಾತಿಯೊಳಗೇ ದೂರದ ವರನನ್ನು ಹುಡುಕಿದರೆ ಎಲ್ಲ ಸರಿಹೋಯಿತೆಂದು ಅವರು ತಿಳಿಯುತ್ತಾರೆ. 2017ರಲ್ಲಿ ತಂಗರಾಜ್, ರೈಖ್ ಮೊದಲಾದ ತಳಿವಿಜ್ಞಾನಿಗಳು ಪರಿಶೀಲಿಸಿದ ದಕ್ಷಿಣ ಏಷ್ಯಾದ 263 ಗುಂಪುಗಳಲ್ಲಿ 81ರಲ್ಲಿ, ಕೆಲವೇ ಪೂರ್ವಿಕರಿಂದ ಬೆಳೆದ ಗುರುತು ಫಿನ್ನರು, ಅಶ್ಕೆನಾಜಿ ಯಹೂದಿಗಳಿಗಿಂತ ಗಾಢವಾಗಿತ್ತು. ಅಲ್ಲಿ ದೂರದವನೂ ಹತ್ತಿರದವನೇ. ಆರ್ಯ ವೈಶ್ಯರಲ್ಲಿ ಹೆಚ್ಚಾಗಿ ಕಾಣುವ ಒಂದು ಕಿಣ್ವದ ಕೊರತೆಯನ್ನೇ ನೋಡಿ: ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್‌ನ ಪರಿಣಾಮ ಬೇಗ ಇಳಿಯದೆ, ರೋಗಿ ಗಂಟೆಗಟ್ಟಲೆ ಸ್ವಂತವಾಗಿ ಉಸಿರಾಡಲಾರ. ಮೊದಲೇ ಹೇಳಿದರೆ ಅರಿವಳಿಕೆ ವೈದ್ಯರು ಬೇರೆ ಔಷಧ ಕೊಡುತ್ತಾರೆ, ಅಷ್ಟೆ.

ಹಾಗಾಗಿ ಬೈಗುಳವೂ ಬೇಡ, ಸಮಾಧಾನವೂ ಬೇಡ. ಮೂರು ತಲೆಮಾರಿನ ವಂಶವೃಕ್ಷ ಬರೆಯಿರಿ: ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಸಂಬಂಧದ ಮದುವೆಗೆ ಜೋಡಿಗೆರೆ. ಕಾಯಿಲೆ ಇದ್ದವರ ಗುರುತನ್ನು ತುಂಬಿ, ವೈದ್ಯರಿಗೆ ತೋರಿಸಿ. ಹುಟ್ಟಿದ ಮಗುವಿಗೆ ಶ್ರವಣ ಪರೀಕ್ಷೆ ಮಾಡಿಸಿ. ಹೇಳಿದ್ದಕ್ಕೆಲ್ಲ ಪುರಾವೆ ಕೇಳುತ್ತಿದ್ದ ಮೇಷ್ಟ್ರ ಶಿಷ್ಯಪರಂಪರೆ ನಿಮ್ಮದು. ನಮ್ಮ ದೋಷಗಳೆಲ್ಲ ಎಂದೋ ತೊಳೆದುಹೋಗಿವೆ ಎಂದು ಯಾರಾದರೂ ಹೇಳಿದರೆ, ಯಾವ ಜೀನು, ಎಷ್ಟು ತಲೆಮಾರು ಎಂದು ಲೆಕ್ಕ ಕೇಳಿ.