ತೋಳು ಬೇಕು, ಸಂಸಾರ ಬೇಡ

(ಕಳೆದ ಭಾನುವಾರ ಸಂಜೆ ನಮ್ಮ ಅಭ್ಯಾಸ ಮಂಡಲದಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ನಾವು ಆರಿಸಿದ್ದಲ್ಲ. ಗಿರಣಿಯ ಬಂಧುವೊಬ್ಬರ ಮಗಳು ಆರಿಸಿಕೊಟ್ಟದ್ದು. ಆಕೆ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದುತ್ತಾಳೆ. ಹದಿನೈದು ದಿನಗಳ ಹಿಂದೆ ಟಿಪ್ಪಣಿ ಪುಸ್ತಕ ಹಿಡಿದುಕೊಂಡು ಪಕ್ಷದ ಕಚೇರಿಗೆ ಬಂದಳು. ಕುಟುಂಬವೆಂದರೆ ಒಂದೇ ಸೂರಿನ ಕೆಳಗಿದ್ದು, ಒಂದೇ ಒಲೆಯ ಅನ್ನ ಉಣ್ಣತಕ್ಕವರು ಎಂದು ತರಗತಿಯಲ್ಲಿ ಬರೆದುಕೊಂಡಿದ್ದಳು. ಅದರ ಕೆಳಗೆ ತಾನೇ ಒಂದು ಪ್ರಶ್ನೆ ಹಾಕಿಕೊಂಡಿದ್ದಳು: "ನಮ್ಮಣ್ಣ ಆರು ವರ್ಷದಿಂದ ಕೊಲ್ಲಿಯ ದೇಶದಲ್ಲಿದ್ದಾನೆ. ಅತ್ತಿಗೆ ಇಲ್ಲಿ ನಮ್ಮ ಮನೆಯಲ್ಲಿದ್ದಾಳೆ. ಅಣ್ಣ ಅಲ್ಲಿ ಏಳೆಂಟು ಗಂಡಸರೊಡನೆ ಒಂದು ಕೋಣೆಯಲ್ಲಿ ಬೇಯಿಸಿಕೊಂಡು ಉಣ್ಣುತ್ತಾನೆ. ಹಾಗಾದರೆ ಅವನ ಕುಟುಂಬ ಯಾವುದು?"

ನಾವು ಮೆಟ್ರಿಕ್ ಓದಿ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟವರು. ಈ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡುವ ವಿದ್ಯೆ ನಮ್ಮಲ್ಲಿರಲಿಲ್ಲ. ಆಕೆ ತಂದ ಪುಸ್ತಕಗಳನ್ನು ಆಕೆಯೊಡನೆಯೇ ಕುಳಿತು ಓದಿದೆವು. ತಿಳಿಯದ ಕಡೆ ಆಕೆ ಹೇಳಿದಳು, ನಾವು ಕೇಳಿಕೊಂಡೆವು. ಆ ಪುಸ್ತಕಗಳಲ್ಲಿ ಮೆಕ್ಸಿಕೋ ದೇಶದ ರೈತರ ಸಂಗತಿ ಸಿಕ್ಕಿತು. ಅದನ್ನೇ ನಿಮ್ಮ ಮುಂದಿಡುತ್ತೇವೆ.

ಮೊದಲು ಈ ಶಾಸ್ತ್ರದ ಉಪಯೋಗವೇನೆಂದು ಹೇಳಿಬಿಡೋಣ. ಸಿ. ರೈಟ್ ಮಿಲ್ಸ್ ಎಂಬ ಅಮೆರಿಕದ ವಿದ್ವಾಂಸ 1959ರಲ್ಲಿ ಒಂದು ಪುಸ್ತಕ ಬರೆದ. ಅದರ ಸಾರವಿಷ್ಟು: ಇಡೀ ಊರಿನಲ್ಲಿ ಒಬ್ಬನಿಗೆ ಕೆಲಸವಿಲ್ಲದಿದ್ದರೆ ಅವನ ಗುಣ, ಅವನ ಕಸುಬು ಏನೆಂದು ವಿಚಾರಿಸು, ಲಕ್ಷಾಂತರ ಜನಕ್ಕೆ ಕೆಲಸವಿಲ್ಲದಿದ್ದರೆ ಆ ದೇಶದ ವ್ಯವಸ್ಥೆಯನ್ನೇ ವಿಚಾರಿಸು. ಸಂಸಾರದ ಮಾತಿಗೂ ಈ ನಿಯಮ ಸಲ್ಲುತ್ತದೆ. ಒಬ್ಬ ಗಂಡ ಹೆಂಡತಿಯನ್ನು ಬಿಟ್ಟು ದೂರ ಹೋದರೆ ಅದು ಅವರ ಮನೆಯ ಸಂಗತಿ. ಸಾವಿರಾರು ಗಂಡಂದಿರು ಹೋದರೆ, ಅವರನ್ನು ಹಾಗೆ ಒಂಟಿಯಾಗಿ ಕರೆಸಿಕೊಂಡವರು ಯಾರು, ಯಾತಕ್ಕಾಗಿ ಎಂದು ಕೇಳಬೇಕಾಗುತ್ತದೆ.

ಎರಡನೆಯ ಮಹಾಯುದ್ಧದ ಕಾಲ. ಅಮೆರಿಕದ ದುಡಿಯುವ ಜನ ಸೈನ್ಯಕ್ಕೂ ಯುದ್ಧಸಾಮಗ್ರಿಯ ಕಾರ್ಖಾನೆಗಳಿಗೂ ಹೋದರು. ಹೊಲತೋಟಗಳ ಧಣಿಗಳು ಆಳು ಸಿಕ್ಕುವುದಿಲ್ಲವೆಂದು ಕೂಗಿದರು. 1942ರ ಆಗಸ್ಟಿನಲ್ಲಿ ಅಮೆರಿಕ ಮತ್ತು ಮೆಕ್ಸಿಕೋ ಸರ್ಕಾರಗಳು ಒಂದು ಒಪ್ಪಂದ ಮಾಡಿಕೊಂಡವು. ಮೆಕ್ಸಿಕೋದ ಗಂಡಸರು ಕರಾರಿನ ಮೇಲೆ ಬಂದು, ಬೆಳೆ ಕೊಯ್ದುಕೊಟ್ಟು, ಕರಾರು ತೀರಿದೊಡನೆ ಹಿಂದಿರುಗಬೇಕು. ಯುದ್ಧವೇನೋ 1945ರಲ್ಲಿ ಮುಗಿಯಿತು. ಒಪ್ಪಂದ ಮುಗಿದದ್ದು 1964ರ ಕೊನೆಗೆ. ಆ 22 ವರ್ಷಗಳಲ್ಲಿ ಸುಮಾರು 46 ಲಕ್ಷ ಕರಾರುಪತ್ರಗಳಾದವು. ಒಬ್ಬನೇ ಹಲವು ಸಲ ಹೋಗಿಬಂದದ್ದೂ ಈ ಲೆಕ್ಕದಲ್ಲಿ ಸೇರಿದೆ.

ಈ ಆಳುಗಳಿಗೆ 'ಬ್ರಾಸೆರೊ' ಎಂಬ ಹೆಸರು ಬಿತ್ತು. ಅವರ ಸ್ಪ್ಯಾನಿಷ್ ಭಾಷೆಯಲ್ಲಿ 'ಬ್ರಾಸೊ' ಎಂದರೆ ತೋಳು. ಹೆಸರಿನಲ್ಲೇ ಎಲ್ಲವೂ ಇದೆ ನೋಡಿ. ಭರ್ತಿ ಕೇಂದ್ರಗಳಲ್ಲಿ ಅಂಗೈ ಹಿಡಿದು ದುಡಿಮೆಯ ಗಂಟುಗಳಿವೆಯೇ ಎಂದು ಪರೀಕ್ಷಿಸುತ್ತಿದ್ದರು. ಬಟ್ಟೆ ಬಿಚ್ಚಿಸಿ ಸಾಲಾಗಿ ನಿಲ್ಲಿಸಿ ಡಿ.ಡಿ.ಟಿ. ಪುಡಿ ಎರಚುತ್ತಿದ್ದರು. ಮೊದಲ ವರ್ಷಗಳಲ್ಲಿ ಕೂಲಿಯಲ್ಲಿ ನೂರಕ್ಕೆ 10ರಂತೆ ಉಳಿತಾಯವೆಂದು ಹಿಡಿದು ಮೆಕ್ಸಿಕೋದ ಬ್ಯಾಂಕುಗಳಿಗೆ ಕಳಿಸಿದರು. ಆ ಹಣ ಎಷ್ಟೋ ಮಂದಿಯ ಕೈ ಸೇರಲೇ ಇಲ್ಲ. ಮೆಕ್ಸಿಕೋ ಸರ್ಕಾರ ಅದರ ಪರಿಹಾರಕ್ಕೆಂದು ನಿಧಿ ಏರ್ಪಡಿಸಿದ್ದು 2005ರಲ್ಲಿ. ಅಷ್ಟು ಹೊತ್ತಿಗೆ ಹಣ ಕೇಳಬೇಕಾದವರಲ್ಲಿ ಅನೇಕರು ಮಣ್ಣಾಗಿದ್ದರು.

ಇದೆಲ್ಲ ಒಂದು ಕಡೆ ಇರಲಿ. ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಸಂಬಂಧಪಟ್ಟ ಅಂಶ ಬೇರೆ. ಆ ಒಪ್ಪಂದ ಗಂಡಸರಿಗೆ ಮಾತ್ರ. ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ. ಧಣಿಗೆ ತೋಳು ಬೇಕು, ತೋಳಿನ ಹಿಂದಿರುವ ಸಂಸಾರ ಬೇಡ.

ಏಕೆ ಬೇಡ? ಮೈಕೇಲ್ ಬುರಾವೊಯ್ ಎಂಬ ಸಮಾಜಶಾಸ್ತ್ರಜ್ಞರು 1976ರಲ್ಲಿ ಇದಕ್ಕೆ ಲೆಕ್ಕ ಹಾಕಿ ಉತ್ತರ ಕೊಟ್ಟರು. ಕ್ಯಾಲಿಫೋರ್ನಿಯಾದ ಮೆಕ್ಸಿಕನ್ ಕೂಲಿಕಾರರನ್ನೂ ದಕ್ಷಿಣ ಆಫ್ರಿಕದ ಗಣಿಗಳ ಕೂಲಿಕಾರರನ್ನೂ ಅವರು ಹೋಲಿಸಿ ನೋಡಿದರು. ಕೂಲಿಕಾರನ ಬದುಕಿಗೆ ಎರಡು ಬಗೆಯ ಖರ್ಚುಂಟು. ಅವನು ಇಂದು ಉಂಡು, ಮಲಗಿ, ನಾಳೆ ಮತ್ತೆ ಕೆಲಸಕ್ಕೆ ಬರುವುದಕ್ಕೆ ತಗಲುವ ಖರ್ಚು ಒಂದು. ಮಕ್ಕಳನ್ನು ಹೆತ್ತು ಸಾಕಿ, ನಾಳಿನ ಕೂಲಿಕಾರರನ್ನು ಬೆಳೆಸುವ ಖರ್ಚು ಇನ್ನೊಂದು. ಸಂಸಾರ ಜೊತೆಗಿದ್ದರೆ ಕೂಲಿಯಲ್ಲಿ ಎರಡೂ ಹುಟ್ಟಬೇಕು. ಶಾಲೆ, ಆಸ್ಪತ್ರೆ, ಮನೆಗಳನ್ನೂ ಆ ನಾಡೇ ಒದಗಿಸಬೇಕು. ಸಂಸಾರವನ್ನು ಗಡಿಯ ಆಚೆಗೇ ನಿಲ್ಲಿಸಿದರೆ ಮೊದಲನೆಯದಷ್ಟನ್ನು ಕೊಟ್ಟು ಕೈ ತೊಳೆದುಕೊಳ್ಳಬಹುದು. ಎರಡನೆಯದನ್ನು ಹಳ್ಳಿ ಹೊರುತ್ತದೆ. ಹಳ್ಳಿಯಲ್ಲಿ ಅದನ್ನು ಹೊರುವವಳು ಹೆಂಗಸು. ಅವಳಿಗೆ ಕೂಲಿ ಇಲ್ಲ, ರಜೆ ಇಲ್ಲ, ಹಾಜರಿ ಪುಸ್ತಕದಲ್ಲಿ ಹೆಸರೂ ಇಲ್ಲ. ಕೂಲಿ ಅಗ್ಗವಾದದ್ದು ಅವಳ ಬಿಟ್ಟಿ ದುಡಿಮೆಯಿಂದ.

ಈ ಲೆಕ್ಕ ಓದಿದಾಗ ನಮಗೆ ನಾಚಿಕೆಯಾಯಿತು. ಶಾಲೆಯಲ್ಲಿದ್ದಾಗ ಮಕ್ಕಳ ದಾಖಲಾತಿಯನ್ನು ನಾವೇ ತುಂಬುತ್ತಿದ್ದೆವು. ತಂದೆಯ ಉದ್ಯೋಗ: ಗಿರಣಿ ಕೆಲಸ. ತಾಯಿಯ ಉದ್ಯೋಗ: ಏನೂ ಇಲ್ಲ. ಮಗುವಿಗೆ ತಲೆ ಬಾಚಿ, ಬುತ್ತಿ ಕಟ್ಟಿ, ಮೈಲಿ ನಡೆಸಿಕೊಂಡು ಬಂದ ಆ ತಾಯಿ ಎದುರಿಗೇ ನಿಂತಿರುತ್ತಿದ್ದಳು. ಅವಳ ಮುಂದೆಯೇ 'ಏನೂ ಇಲ್ಲ' ಎಂದು ಬರೆದ ಕೈ ನಮ್ಮದು.

ಇನ್ನು, ಹಾಗೆ ಒಡೆದ ಸಂಸಾರಗಳು ಏನಾದವು? ಪಿಯರೆಟ್ ಹೊಂಡನ್ಯೂ ಸೊಟೆಲೊ ಎಂಬ ವಿದುಷಿ ಉತ್ತರ ಕ್ಯಾಲಿಫೋರ್ನಿಯಾದ ಮೆಕ್ಸಿಕನ್ ವಲಸೆಗಾರರ ನಡುವೆ ಓಡಾಡಿ, ಅವರ ಮಾತು ಕೇಳಿ, 1994ರಲ್ಲಿ ಪುಸ್ತಕ ಪ್ರಕಟಿಸಿದರು. ಗಂಡ ಹೋದ ಮೇಲೆ ಊರಿನಲ್ಲಿ ಉಳಿದ ಹೆಂಗಸು ಹಣ ಬಾರದ ತಿಂಗಳುಗಳಲ್ಲಿ ತಾನೇ ಸಂಪಾದಿಸಲು, ತಾನೇ ವ್ಯವಹಾರ ನಡೆಸಲು ಕಲಿತಳು. ಸಂಕಟವೇ ಅವಳಿಗೆ ಪಾಠಶಾಲೆಯಾಯಿತು. ಗಂಡನ ಮನಸ್ಸಿಲ್ಲದಿದ್ದರೂ ಅಕ್ಕತಂಗಿಯರ, ಗೆಳತಿಯರ ನೆರವಿನಿಂದ ಗಡಿ ದಾಟಿ ಬಂದವರೂ ಉಂಟು.

ಗಂಡಸರ ವಿಷಯದಲ್ಲಿ ಅವರು ಕಂಡ ಸಂಗತಿ ಇನ್ನೂ ಸ್ವಾರಸ್ಯವಾಗಿದೆ. 1965ಕ್ಕೆ ಮುಂಚೆ ಹೋದವರು ಗಂಡಸರೇ ತುಂಬಿದ ಬಿಡಾರಗಳಲ್ಲಿ ವರ್ಷಗಟ್ಟಲೆ ಇದ್ದರು. ಅಲ್ಲಿ ಅಡಿಗೆ, ಬಟ್ಟೆ ಒಗೆತ, ಕಸ ಗುಡಿಸುವುದು ಎಲ್ಲವನ್ನೂ ಕಲಿತರು. ಮುಂದೆ ಹೆಂಡತಿ ಬಂದು ಸೇರಿದ ಮೇಲೂ ಅವರಲ್ಲಿ ಹಲವರು ಮನೆಗೆಲಸ ಹಂಚಿಕೊಂಡರು. 1965ರ ನಂತರ ಹೋದವರಲ್ಲಿ ಇದು ಅಷ್ಟಾಗಿ ಕಾಣಲಿಲ್ಲ. ಅಷ್ಟರಲ್ಲಿ ಅಲ್ಲಿ ಮೆಕ್ಸಿಕನ್ ಸಂಸಾರಗಳು ಬೇರೂರಿದ್ದವು. ಬಂದವನಿಗೆ ಬಡಿಸಲು ಯಾರಾದರೂ ಬಂಧು ಹೆಂಗಸು ಇರುತ್ತಿದ್ದಳು. ಕಲಿಯಬೇಕಾದ ಅಗತ್ಯವೇ ಬೀಳಲಿಲ್ಲ.

ಬಂಧುಗಳೇ, ಇದರ ಅರ್ಥವನ್ನು ಗಮನಿಸಿ. ಒಂದೇ ನಾಡಿನ, ಒಂದೇ ಮತದ ಗಂಡಸರು. ಗಂಡಸು ಒಲೆಯ ಮುಂದೆ ಕೂರಬಾರದೆಂಬುದು ಹುಟ್ಟುಗುಣವಾಗಿದ್ದರೆ ಇವರಲ್ಲಿ ಭೇದ ಹೇಗೆ ಬಂತು? ಬದುಕಿನ ಏರ್ಪಾಡು ಬದಲಾಯಿತು, ಗುಣವೂ ಬದಲಾಯಿತು. ನಮ್ಮ ವಿದ್ಯಾರ್ಥಿನಿಯ ಅಣ್ಣನನ್ನೇ ನೋಡಿ. ಅಲ್ಲಿ ಸರದಿಯ ದಿನ ಇಡೀ ಕೋಣೆಗೆ ಸಾರು ಮಾಡಿ ಬಡಿಸುತ್ತಾನೆ. ರಜೆಯಲ್ಲಿ ಊರಿಗೆ ಬಂದರೆ ಉಂಡ ತಟ್ಟೆಯನ್ನೂ ಎತ್ತುವುದಿಲ್ಲ. ಕೈ ಅದೇ, ಮನೆ ಬೇರೆ. ಅವನೂ ಒಂಟಿಯಾಗಿರುವುದು ತನ್ನ ಇಷ್ಟದಿಂದಲ್ಲವೆಂಬುದನ್ನೂ ಹೇಳಬೇಕು. ಕೊಲ್ಲಿಯ ಹಲವು ದೇಶಗಳಲ್ಲಿ ಗೊತ್ತುಮಾಡಿದಷ್ಟು ಸಂಬಳವಿಲ್ಲದ ಪರದೇಶದ ಕೂಲಿಕಾರ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವಂತಿಲ್ಲ.

ವಲಸೆ ಹೋದರೆ ಹೆಣ್ಣಿಗೆ ತಾನಾಗಿ ಬಿಡುಗಡೆಯಾಗುತ್ತದೆಂದು ನಾವು ಹೇಳುತ್ತಿಲ್ಲ. ಮುಂದೆ ಹೆಂಗಸರೇ ದುಡಿಯಲು ಹೊರಟರು. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಸಾವಿರಾರು ತಾಯಂದಿರು ಲಾಸ್ ಏಂಜಲೀಸಿನ ಉಳ್ಳವರ ಮನೆಗಳಲ್ಲಿ ಮಕ್ಕಳನ್ನಾಡಿಸುವ ಕೆಲಸಕ್ಕೆ ಸೇರಿದರು. ಅವರಲ್ಲಿ ಅನೇಕರ ಸ್ವಂತ ಮಕ್ಕಳು ಊರಿನಲ್ಲಿ ಅಜ್ಜಿಯ ಬಳಿ ಉಳಿದವು. ಸಿರಿವಂತೆಯ ಹೊರೆ ಬಡವಿಗೆ ಬಂತು, ಬಡವಿಯ ಹೊರೆ ಅವಳ ತಾಯಿಗೆ ಹೋಯಿತು. ಗಂಡಸು ನಡುವೆ ಎಲ್ಲಿಯೂ ಹೆಗಲು ಕೊಡಲಿಲ್ಲ.

ಹಾಗಾದರೆ ದಾರಿ ಯಾವುದು? ಅದೇ ಕ್ಯಾಲಿಫೋರ್ನಿಯಾದ ಹೊಲಗಳು ಒಂದು ದಾರಿ ತೋರಿಸಿವೆ. ಬ್ರಾಸೆರೊ ಒಪ್ಪಂದ ಇರುವತನಕ ಮುಷ್ಕರ ಹೂಡುವುದು ಬಹಳ ಕಷ್ಟವಾಗಿತ್ತು. ಧಣಿಗಳಿಗೆ ಗಡಿಯಾಚೆಯಿಂದ ಹೊಸ ತೋಳುಗಳು ಸಿಕ್ಕುತ್ತಿದ್ದವು. ಒಪ್ಪಂದ ಮುಗಿದ ಮರುವರ್ಷ, 1965ರ ಸೆಪ್ಟೆಂಬರ್ 8ರಂದು, ಡೆಲನೊ ಎಂಬಲ್ಲಿ ಲ್ಯಾರಿ ಇಟ್ಲಿಯಾಂಗರ ಮುಂದಾಳುತನದಲ್ಲಿ ಫಿಲಿಪೀನ್ಸ್ ಮೂಲದ ದ್ರಾಕ್ಷಿ ತೋಟದ ಕೂಲಿಕಾರರು ಕೆಲಸ ನಿಲ್ಲಿಸಿದರು. ಸೆಪ್ಟೆಂಬರ್ 16ರಂದು ಸೀಸರ್ ಚಾವೆಜ್ ಮತ್ತು ಡೊಲೊರೆಸ್ ಹುವೆರ್ತಾ ಕಟ್ಟಿದ ಮೆಕ್ಸಿಕನ್ ಕೂಲಿಕಾರರ ಸಂಘವೂ ಕೂಡಿಕೊಂಡಿತು. ಹುವೆರ್ತಾ ಮೊದಲು ಶಾಲಾ ಉಪಾಧ್ಯಾಯಿನಿ. ಹಸಿದು ಬರುವ ಕೂಲಿಕಾರರ ಮಕ್ಕಳನ್ನು ನೋಡಲಾರದೆ ಕೆಲಸ ಬಿಟ್ಟು ಸಂಘಟನೆಗೆ ಇಳಿದವರು, 11 ಮಕ್ಕಳ ತಾಯಿ. ಧಣಿಗಳೆದುರು ಕುಳಿತು ಕರಾರು ಮಾತಾಡಿದವರೂ ಅವರೇ. ಈ ಹೋರಾಟದಲ್ಲಿ ಸಂಸಾರಕ್ಕೆ ಸಂಸಾರವೇ ಬೀದಿಗಿಳಿಯಿತು. ಕೆಲವರು ಹೆಂಡತಿ ಮಕ್ಕಳೊಡನೆ ದೂರದ ನಗರಗಳಿಗೆ ಹೋಗಿ, ದ್ರಾಕ್ಷಿ ಮಾರಬೇಡಿ, ಕೊಳ್ಳಬೇಡಿ ಎಂದು ಅಂಗಡಿಗಳ ಮುಂದೆ ನಿಂತು ಕೇಳಿಕೊಂಡರು. 1970ರ ಜುಲೈಯಲ್ಲಿ ಡೆಲನೊದ ಧಣಿಗಳು ರುಜು ಹಾಕಿದರು. ತೋಳು ಮಾತ್ರ ಸಾಕೆಂದಿದ್ದವರ ಮುಂದೆ ಇಡೀ ಸಂಸಾರ ಬಂದು ಕುಳಿತಿತ್ತು.

ನಮ್ಮ ಸಂಘದ ಸಭೆಗೆ ಎಷ್ಟು ಹೆಂಗಸರು ಬರುತ್ತಾರೆ? ಇಂದು ಬಂದಿರುವವರನ್ನು ಬೆರಳಲ್ಲಿ ಎಣಿಸಬಹುದು. ಅಂಗಡಿಕಾರ ಬಂಧುಗಳು ತಮ್ಮ ಉದ್ರಿ ಪುಸ್ತಕ ತೆರೆದು ನೋಡಲಿ. ಹೆಸರು ಗಂಡನದು, ಬಂದು ಮಾತು ಕೇಳಿಸಿಕೊಂಡು, ಲೆಕ್ಕ ಒಪ್ಪಿಸಿ ಹೋಗುವವಳು ಹೆಂಡತಿ. ಸಂಬಳ ಎಷ್ಟು ದಿನಕ್ಕೆ ಸಾಲುತ್ತದೆಂಬುದನ್ನು ಅವಳಷ್ಟು ಖಚಿತವಾಗಿ ಹೇಳಬಲ್ಲವರು ಯಾರೂ ಇಲ್ಲ. ಆದರೂ ನಾವು ಕೂಲಿಯ ಬೇಡಿಕೆ ಬರೆಯುವಾಗ ಅವಳನ್ನು ಕೇಳುವುದಿಲ್ಲ.

ಆದುದರಿಂದ ಎರಡು ಸೂಚನೆಗಳನ್ನು ಮುಂದಿಡುತ್ತೇವೆ. ಈ ಸಲದ ಬೇಡಿಕೆ ಪಟ್ಟಿಯನ್ನು ಹೆಂಗಸರನ್ನು ಕೂರಿಸಿಕೊಂಡು, ಮನೆಯ ಖರ್ಚನ್ನು ಅವರ ಬಾಯಿಂದಲೇ ಕೇಳಿ ಬರೆಯೋಣ. ಪರದೇಶಕ್ಕೆ ಹೊರಡುವ ತರುಣರು ಕರಾರಿನ ಕಾಗದವನ್ನು ಮನೆಯ ಹೆಂಗಸರ ಮುಂದೆ ಓದಿಸಿ, ಒಂದು ಪ್ರತಿಯನ್ನು ಅವರ ಕೈಯಲ್ಲಿ ಕೊಟ್ಟು ಹೋಗಲಿ. ಹಣ ಕಳಿಸುವ ಖಾತೆಯಲ್ಲಿ ಹೆಂಡತಿಯ ಹೆಸರೂ ಇರಲಿ.

ನಮ್ಮ ವಿದ್ಯಾರ್ಥಿನಿ ತನ್ನ ಪುಸ್ತಕದಲ್ಲಿ ಆ ಹಳೆಯ ವಾಕ್ಯವನ್ನು ಹೊಡೆದುಹಾಕಿಲ್ಲ. ಅದರ ಪಕ್ಕದಲ್ಲಿ ಹೀಗೆ ಬರೆದುಕೊಂಡಿದ್ದಾಳೆ: "ಒಲೆ ಒಂದೇ ಆಗಿರಬೇಕೆಂದರೆ ಅದನ್ನು ಎರಡು ಮಾಡಿದವರು ಯಾರೆಂದು ಮೊದಲು ಕೇಳಬೇಕು. ಒಲೆಯ ಮುಂದೆ ಯಾವಾಗಲೂ ಒಬ್ಬಳೇ ಏಕೆ ಎಂದು ಆಮೇಲೆ ಕೇಳಬೇಕು." ಆಕೆಗೆ ಇದಕ್ಕೆ ಎಷ್ಟು ಅಂಕ ಸಿಕ್ಕುತ್ತದೋ ಕಾಣೆವು. ನಮಗಂತೂ ಪಾಠವಾಯಿತು.

ಮುಂದಿನ ಭಾನುವಾರ ಇದೇ ಹೊತ್ತಿಗೆ ಬೇಡಿಕೆ ಪಟ್ಟಿಯ ಸಭೆ. ಮನೆಯ ಹೆಂಗಸರೂ ಬರಬೇಕು. ಅವರು ಬರಬೇಕಾದರೆ ಅಂದು ಸಂಜೆ ಒಲೆ ಹೊತ್ತಿಸತಕ್ಕವರು ಯಾರೆಂಬುದನ್ನು ಇಂದೇ ಮನೆಯಲ್ಲಿ ತೀರ್ಮಾನ ಮಾಡಿಕೊಳ್ಳಿ.